ಟವೆಲ್ಲಿನ ಕೆಳಗೆ ಸೆಕೆಂಡ್ ಕ್ಲಾಸು

ಫೇಲಾದವನಿಗೆ ಊರು ಅಯ್ಯೋ ಪಾಪ ಅನ್ನುತ್ತದೆ, ಫಸ್ಟ್ ಕ್ಲಾಸ್ ಬಂದವನಿಗೆ ಭೇಷ್ ಅನ್ನುತ್ತದೆ. ಸೆಕೆಂಡ್ ಕ್ಲಾಸ್ ಬಂದವನಿಗೆ ಏನನ್ನಬೇಕೆಂದು ಮಾತ್ರ ಯಾವ ಊರಿಗೂ ಗೊತ್ತಿಲ್ಲ. ‘ಸದ್ಯ, ಪಾಸಾದೆಯಲ್ಲ ಬಿಡು’ ಎಂದು ಹೇಳಿ ಮಳೆ ಬೆಳೆಯ ಮಾತಿಗೆ ಹೊರಳಿಬಿಡುತ್ತಾರೆ. ತೊಂಬತ್ತಾರನೇ ಇಸವಿಯಲ್ಲಿ ಪಿಯುಸಿ ಮುಗಿಸಿದ ನಮ್ಮ ಇಂದುಧರನಿಗೆ ಬೇಡವಾಗಿದ್ದದ್ದು ಆ ‘ಬಿಡು’. ಅದೊಂದನ್ನು ತಪ್ಪಿಸಿಕೊಳ್ಳಲು ಹೋಗಿ ಎಂಥ ಉರುಲಿಗೆ ಕತ್ತು ಕೊಟ್ಟ ನೋಡಿ.

ಅವನಪ್ಪ ಕಲ್ಲೇಶಪ್ಪ ಗಂಡಸಿ ಸಂತೆಯ ದನದ ದಲ್ಲಾಳಿ. ಊರಲ್ಲಿ ಒಂದಿಷ್ಟು ತೆಂಗಿತ್ತು, ಆದರೆ ಅವರಿಗೆ ಹೆಸರು ತಂದದ್ದು ತೋಟವಲ್ಲ, ಹೆಗಲ ಮೇಲಿನ ಟವೆಲ್ಲು. ಸಂತೆಯಲ್ಲಿ ಎತ್ತಿನ ಬೆಲೆಯನ್ನು ಬಾಯಲ್ಲಿ ಆಡುವ ಪದ್ಧತಿ ಇಲ್ಲ. ಎರಡು ಕೈ ಕೂಡಿಸಿ, ಮೇಲೊಂದು ಟವೆಲ್ ಮುಚ್ಚಿ, ಅದರ ಕೆಳಗೆ ಬೆರಳು ಹಿಡಿದು ಕೇಳಬೇಕು. ಐದೂ ಬೆರಳು ಒಟ್ಟಿಗೆ ಹಿಡಿದರೆ ಐದು. ಅದನ್ನು ಬಿಟ್ಟು ಮತ್ತೆ ಒಂದೇ ಬೆರಳು ಹಿಡಿದರೆ ಆರು. ಸುತ್ತ ಸಂತೆಗೆ ಸಂತೆಯೇ ನೆರೆದಿದ್ದರೂ ಕೇಳಿದ ಬೆಲೆ ಎಷ್ಟೆಂಬುದು ಆ ಎರಡು ಕೈಗೆ ಬಿಟ್ಟು ಮೂರನೆಯವರಿಗೆ ತಿಳಿಯದು. ಒಪ್ಪಿಗೆ ಇಲ್ಲದವನು ಬೆರಳು ಎಳೆದುಕೊಳ್ಳುತ್ತಾನೆ. ಎಳೆದುಕೊಳ್ಳಲಿಲ್ಲವೋ, ಒಪ್ಪಿದ ಹಾಗೆ. ಆಮೇಲೆ ಬ್ರಹ್ಮ ಬಂದರೂ ಆ ಮಾತು ಕದಲುವುದಿಲ್ಲ.

ರಿಸಲ್ಟ್ ಬಂದ ದಿನ ಇಂದುಧರ ಅರಸೀಕೆರೆಯ ತನ್ನ ಕಾಲೇಜಿನ ಬೋರ್ಡಿನಲ್ಲಿ ನಂಬರು ನೋಡಿಕೊಂಡು ಮನೆಗೆ ಬಂದಾಗ ಕಲ್ಲೇಶಪ್ಪ ಜಗಲಿಯ ಮೇಲೆ ಕೂತು ಹೊಸ ಮೂಗುದಾರ ಹೊಸೆಯುತ್ತಿದ್ದರು. ಪಾಸಾ ಎಂದು ಕೇಳಿದರು. ಹೂಂ ಎಂದ. ಅಲ್ಲಿಗೆ ನಿಲ್ಲಿಸಿದ್ದರೆ ಈ ಕಥೆಯೇ ಇಲ್ಲ. ಆದರೆ ಅವರು ತಲೆ ಎತ್ತಿ, ಕಣ್ಣರಳಿಸಿ, ಇನ್ನೂ ಒಂದು ಕೇಳಿಬಿಟ್ಟರು.

“ಫಸ್ಟ್ ಕ್ಲಾಸ್ ತಾನೆ?”

ಇಲ್ಲ ಅನ್ನುವುದಕ್ಕೆ ಎಷ್ಟು ಹೊತ್ತು ಬೇಕು? ಒಂದು ಉಸಿರೂ ಬೇಡ. ಅಪ್ಪನ ಮುಖದಲ್ಲಿ ಆಗಲೇ ಹತ್ತಿಕೊಂಡಿದ್ದ ಆ ಬೆಳಕನ್ನು ನೋಡಿ ಇಂದುಧರನಿಗೆ ಅದನ್ನು ಆರಿಸಲು ಮನಸ್ಸು ಬರಲಿಲ್ಲ. ಅವನು ಹೌದು ಅನ್ನಲಿಲ್ಲ, ಅಲ್ಲ ಅಂತಲೂ ಅನ್ನಲಿಲ್ಲ, ಸುಮ್ಮನೆ ನಿಂತ. ಮೌನಂ ಸಮ್ಮತಿ ಲಕ್ಷಣಂ ಎಂಬುದು ಬೇರೆಯವರಿಗೆ ಗಾದೆ, ಕಲ್ಲೇಶಪ್ಪನವರಿಗೆ ಹೊಟ್ಟೆಪಾಡು. ಹುಡುಗ ಬೆರಳು ಎಳೆದುಕೊಳ್ಳಲಿಲ್ಲ, ವ್ಯಾಪಾರ ಕುದುರಿತು. ಮೂಗುದಾರವನ್ನು ಪಕ್ಕಕ್ಕೆಸೆದು ಒಳಗಿದ್ದ ಸುವರ್ಣಮ್ಮನನ್ನು ಕೂಗಿದರು. ಅಪ್ಪ ಹಾಗೆಯೇ ತಿಳಿಯುತ್ತಾರೆಂದು ಇಂದುಧರನಿಗೆ ಗೊತ್ತಿತ್ತು. ಹೋರಿಗಳ ಹಗ್ಗ ಹಿಡಿದುಕೊಂಡು ಸಂತೆಯಲ್ಲೇ ಬೆಳೆದವನಿಗೆ ಗೊತ್ತಿಲ್ಲದೆ ಇರುತ್ತದೆಯೇ? ಗೊತ್ತಿದ್ದೇ ಸುಮ್ಮನಿದ್ದ. ಮುಂದೆ ಅವನನ್ನು ಹುಳದಂತೆ ಕೊರೆದದ್ದು ಅದೇ.

ಸುವರ್ಣಮ್ಮ ಬೀದಿಯ ಎಲ್ಲರ ಬಾಯಿಗೂ ಸಕ್ಕರೆ ಹಾಕಿಬಂದರು. ಕೂಸು ಹುಟ್ಟುವ ಮುಂಚೆ ಕುಲಾವಿ ಎಂಬಂತೆ ಮಗ ಬಿ.ಎಸ್ಸಿ. ಓದಲೆಂದು ಹೊಸ ಬ್ಯಾಗು ತರಿಸಿ ಗೂಟಕ್ಕೆ ನೇತುಹಾಕಿದರು. ಬಿ.ಎಸ್ಸಿ. ಎಂದರೆ ಕಲ್ಲೇಶಪ್ಪನವರಿಗೆ ಹಳೆಯ ಆಸೆ. ಎಸ್ಸೆಸ್ಸೆಲ್ಸಿಯಲ್ಲಿ ಸೈನ್ಸ್ ಒಂದರಲ್ಲೇ ಡುಮ್ಕಿ ಹೊಡೆದು ದನದ ಹಗ್ಗ ಹಿಡಿದವರು ಅವರು. ಮಾರ್ಕ್ಸ್ ಕಾರ್ಡು ಕೈಗೆ ಬಂದ ಮೇಲೂ ಅವರು ತೋರಿಸು ಅನ್ನಲಿಲ್ಲ. ವ್ಯಾಪಾರ ಮುಗಿದ ಮೇಲೆ ಎತ್ತಿನ ಬಾಯಿ ಬಿಡಿಸಿ ಹಲ್ಲು ನೋಡುವವನು ದಲ್ಲಾಳಿಯೇ ಅಲ್ಲ. ಆ ನಂಬಿಕೆಗಿಂತ ಎರಡೇಟು ಬಿಗಿದಿದ್ದರೆ ಇಂದುಧರನಿಗೆ ಹಗುರವಾಗುತ್ತಿತ್ತು.

ಅವನೇನು ಕೈಕಟ್ಟಿ ಕೂತಿರಲಿಲ್ಲ. ತನ್ನಂಥ ನಡುಮಟ್ಟದವರನ್ನು ಯಾರು ಸೇರಿಸಿಕೊಳ್ಳುತ್ತಾರೆಂದು ಒಬ್ಬನೇ ವಿಚಾರಿಸುತ್ತಾ ಅಲೆದ. ಅರಸೀಕೆರೆಯಲ್ಲಿ ಊರಾಚೆ ಇದ್ದ ಡಿಗ್ರಿ ಕಾಲೇಜಿನಲ್ಲಿ ಬಿ.ಎಸ್ಸಿ.ಗೆ ಮೊದಲು ಫಸ್ಟ್ ಕ್ಲಾಸಿನವರು, ಮಿಕ್ಕರೆ ಉಳಿದವರು. ಮಿಕ್ಕುವುದು ದೇವರ ಇಚ್ಛೆ. ಹಾಸನದಲ್ಲಿ ಇನ್ನೂ ಹೆಚ್ಚು ಮಾರ್ಕ್ಸು ಬೇಕು, ಆ ಕಡೆ ತಲೆ ಹಾಕುವುದೇ ಬೇಡವೆಂದು ಗೆಳೆಯರು ಹೇಳಿದ್ದರು. ಕೊನೆಗೆ ಒಂದು ದಿನ ಮನೆಯಲ್ಲಿ ಏನೋ ನೆಪ ಹೇಳಿ ಜಾವಗಲ್, ಹಳೇಬೀಡಿನ ಮೇಲೆ ಹೋಗುವ ಬಸ್ಸು ಹತ್ತಿ ಬೇಲೂರಿಗೆ ಹೋದ. ಅಲ್ಲಿನ ಡಿಗ್ರಿ ಕಾಲೇಜಿನ ಗುಮಾಸ್ತರು, ಸೆಕೆಂಡ್ ಕ್ಲಾಸಾ, ಬಾರಪ್ಪ, ಬಿ.ಎ.ಗೆ ಬೇಕಾದಷ್ಟು ಜಾಗ ಇದೆ, ನಾಳೆಯೇ ಬಂದು ಸೇರಿಕೋ ಎಂದು ಅಕ್ಕರೆಯಿಂದಲೇ ಕರೆದರು. ಹಾಗೆ ಕರೆದದ್ದೇ ಇವನಿಗೆ ಅವಮಾನವಾಯಿತು. ಯಾರನ್ನು ಬೇಕಾದರೂ ಸೇರಿಸಿಕೊಳ್ಳುವ ಕಡೆ ತನ್ನನ್ನೂ ಸೇರಿಸಿಕೊಂಡರೆ ಅದೇನು ಹೆಚ್ಚುಗಾರಿಕೆ? ಆದರೂ ಆ ಕಾಲೇಜು ಮನಸ್ಸಿಗೆ ಹಿಡಿಸಿತ್ತು. ಚರಿತ್ರೆ ಅವನಿಗೆ ಇಷ್ಟವಿತ್ತು. ಅದಕ್ಕಿಂತ ಹೆಚ್ಚಾಗಿ, ಬೇಲೂರಿನಲ್ಲಿ ಕಲ್ಲೇಶಪ್ಪನ ಮಗ ಎಂದು ಗುರುತು ಹಿಡಿಯುವವರು ಯಾರೂ ಇರಲಿಲ್ಲ. ಅರ್ಜಿ ಮಾತ್ರ ತರಲಿಲ್ಲ. ತಂದರೆ ಬಾಯಿ ಬಿಡಬೇಕಾಗುತ್ತಿತ್ತು.

ಇವತ್ತು ಹೇಳುತ್ತೇನೆ, ನಾಳೆ ಹೇಳುತ್ತೇನೆ ಎನ್ನುತ್ತಲೇ ಅರಸೀಕೆರೆಯ ಕಾಲೇಜಿಗೆ ಸೇರುವ ದಿನ ಬಂದೇಬಿಟ್ಟಿತು. ಕಲ್ಲೇಶಪ್ಪ ಸ್ನಾನ ಮಾಡಿ, ವಿಭೂತಿ ಹಚ್ಚಿ, ಇಸ್ತ್ರಿ ಪಂಚೆ ಉಟ್ಟು, ಹೆಗಲಿಗೆ ಟವೆಲ್ ಹಾಕಿಕೊಂಡು ಹೊರಟರು. ಬಿ.ಎಸ್ಸಿ. ಕಾಲೇಜಿಗೆ ದನದ ಟವೆಲ್ ಬೇಡ ಎಂದು ಇಂದುಧರ ಸಿಡುಕಿದ. ಹೇಳಬೇಕಾದದ್ದನ್ನು ಹೇಳಲಾಗದವನಿಗೆ ಸಿಡುಕುವುದಕ್ಕೊಂದು ಟವೆಲ್ ಸಿಕ್ಕಿತ್ತು, ಅಷ್ಟೆ. ಕಲ್ಲೇಶಪ್ಪ ಮರುಮಾತಾಡದೆ ಅದನ್ನು ಮಡಿಸಿ ಕೈಚೀಲಕ್ಕೆ ತುರುಕಿದರು. ಬಸ್ಸಿನಲ್ಲಿ ಅಭ್ಯಾಸಬಲದಿಂದ ಬರಿ ಹೆಗಲನ್ನು ಮುಟ್ಟಿ ಮುಟ್ಟಿ ನೋಡಿಕೊಂಡರು. ಅದನ್ನು ಕಂಡು ಇಂದುಧರ ಮುಖವನ್ನು ಕಿಟಕಿಯ ಕಡೆ ತಿರುಗಿಸಿಕೊಂಡ.

ಕಾಲೇಜಿನ ಕಿಟಕಿಯ ಮುಂದೆ ಅಪ್ಪಂದಿರು ಮಕ್ಕಳು ಸಾಲುಗಟ್ಟಿದ್ದರು. ಇವರ ಮುಂದೆ ನಿಂತಿದ್ದವರು ಜಾವಗಲ್ಲಿನ ಗಂಗಯ್ಯ ಮೇಷ್ಟ್ರು ಮತ್ತು ಅವರ ಮಗಳು ಅರುಣಾ. ಹಿಂದೊಮ್ಮೆ ಮೇಷ್ಟ್ರಿಗೆ ಕಲ್ಲೇಶಪ್ಪ ಒಂದು ಹಸು ಕೊಡಿಸಿದ್ದರಂತೆ. ಆ ಹಸುವಿನಿಂದ ಶುರುವಾದ ಮಾತು ಮಕ್ಕಳಿಗೆ ಬಂದು ನಿಂತಿತು. ತಮ್ಮ ಮಗಳು ಫಸ್ಟ್ ಕ್ಲಾಸೆಂದು ಮೇಷ್ಟ್ರು ಮೆಲ್ಲಗೆ ಹೇಳಿದರೆ, ನಮ್ಮವನೂ ಅಷ್ಟೇ ಎಂದು ಕಲ್ಲೇಶಪ್ಪ ಸಾಲಿನ ಕೊನೆಯವರೆಗೆ ಕೇಳುವಂತೆ ಹೇಳಿದರು. ಸಂತೆಯ ಗಂಟಲು, ಅದಕ್ಕೆ ಮೆಲುದನಿ ಬಾರದು. ಅರುಣಾ ತಿರುಗಿ ಇಂದುಧರನನ್ನು ನೋಡಿ ಎಷ್ಟು ಬಂತೆಂದು ಕೇಳಿದಳು. ಅವನು ಕೇಳಿಸದವನಂತೆ ಗೋಡೆಯ ಮೇಲಿನ ನೋಟಿಸು ಓದತೊಡಗಿದ.

ಅಷ್ಟರಲ್ಲಿ ಗುಮಾಸ್ತರೊಬ್ಬರು ಹೊರಗೆ ಬಂದರು. ಬಿ.ಎಸ್ಸಿ.ಗೆ ಈ ದಿನ ಫಸ್ಟ್ ಕ್ಲಾಸಿನವರ ಅರ್ಜಿ ಮಾತ್ರ ತೆಗೆದುಕೊಳ್ಳುತ್ತೇವೆ, ಉಳಿದವರು ನಿಂತು ಕಾಲು ನೋಯಿಸಿಕೊಳ್ಳಬೇಡಿ, ಫಸ್ಟ್ ಕ್ಲಾಸ್ ಇರುವವರು ಮಾರ್ಕ್ಸ್ ಕಾರ್ಡು ಕೈಯಲ್ಲಿ ಹಿಡಿದುಕೊಳ್ಳಿ ಎಂದು ಸಾರಿ ಒಳಗೆ ಹೋದರು. ಒಂದಿಬ್ಬರು ಹುಡುಗರು ತಲೆ ತಗ್ಗಿಸಿ ಸಾಲು ಬಿಟ್ಟರು. ಅವರ ಹಿಂದೆ ಹೋಗಿಬಿಟ್ಟಿದ್ದರೂ ಆಗುತ್ತಿತ್ತು. ಇಂದುಧರ ಹೋಗಲಿಲ್ಲ. ಕಲ್ಲೇಶಪ್ಪ, ತಕ್ಕೊಳ್ಳೋ ಕಾರ್ಡನ್ನ ಎಂದರು. ಅವನು ಅಂಗಿಯ ಒಳಗೆ ಕೈ ಹಾಕಿದ, ಆ ಕೈ ಅಲ್ಲೇ ನಿಂತಿತು. ಬೆರಳು ಗಡಗಡ ನಡುಗುತ್ತಿದ್ದವು.

ನಡುಗುವ ಕೈಯನ್ನು ಕಲ್ಲೇಶಪ್ಪ ಜೀವಮಾನವೆಲ್ಲ ನೋಡಿದವರು. ಕುಂಟೆತ್ತನ್ನು ಒಳ್ಳೆಯದೆಂದು ಮಾರಲು ಬಂದವನ ಕೈ ಟವೆಲ್ಲಿನ ಕೆಳಗೆ ಹೀಗೆಯೇ ನಡುಗುತ್ತದೆ. ಅವರು ಮಗನ ಮುಖ ನೋಡಿದರು. ಮುಂದಿದ್ದ ಮೇಷ್ಟ್ರನ್ನು, ಅರುಣಾಳನ್ನು, ಹಿಂದಿದ್ದ ಸಾಲನ್ನು ನೋಡಿದರು. ಆಮೇಲೆ ಕೈಚೀಲದಿಂದ ಟವೆಲ್ ತೆಗೆದು ಕೊಡವಿ, ಮಗನ ಬಲಗೈ ಎಳೆದುಕೊಂಡು ಅದರ ಮೇಲೆ ಹೊದಿಸಿದರು.

“ಬಾಯಲ್ಲಿ ಹೇಳ್ಬ್ಯಾಡ. ಇಲ್ಲಿ ಹೇಳು,” ಎಂದರು.

ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಬಿ.ಎಸ್ಸಿ. ಕಾಲೇಜಿನ ಕಿಟಕಿಯ ಮುಂದೆ ಟವೆಲ್ ಮುಚ್ಚಿ ವ್ಯಾಪಾರಕ್ಕೆ ನಿಂತ ಅಪ್ಪ ಮಗನನ್ನು ಕಂಡು ನಗದೆ ಇನ್ನೇನು ಮಾಡುತ್ತಾರೆ? ಇಂದುಧರನಿಗೆ ಭೂಮಿ ಬಾಯಿಬಿಟ್ಟರೆ ಸಾಕೆನಿಸಿತು. ಟವೆಲ್ಲಿನ ಕೆಳಗೆ ಅಪ್ಪನ ಒರಟು ಕೈ ಅವನ ಐದೂ ಬೆರಳನ್ನು ಹಿಡಿಯಿತು. ಬಿಟ್ಟಿತು. ಆಮೇಲೆ ಒಂದು ಬೆರಳನ್ನು ಹಿಡಿಯಿತು. ಐದು ಮತ್ತೊಂದು, ಆರು. ಅರವತ್ತು, ಎಂದರೆ ಫಸ್ಟ್ ಕ್ಲಾಸು. ಆ ಹಿಡಿತದಲ್ಲಿ ಅವಸರವಿರಲಿಲ್ಲ, ಸಂತೆಯಲ್ಲಿ ಬೇರೆಯವರನ್ನು ಕೇಳುವಷ್ಟೇ ಮರ್ಯಾದೆಯಿಂದ ಕೇಳಿ ಕಾಯುತ್ತಿತ್ತು.

ಇಂದುಧರ ಆ ಬೆರಳನ್ನು ಎಳೆದುಕೊಂಡ.

ಅಪ್ಪನ ಕೈ ಸ್ವಲ್ಪ ಹೊತ್ತು ಖಾಲಿಯಾಗಿ ಹಾಗೆಯೇ ಇತ್ತು. ಮತ್ತೆ ಬಂದು ಐದೂ ಬೆರಳನ್ನು ಹಿಡಿಯಿತು. ಐವತ್ತು ಚಿಲ್ಲರೆಯಾ? ಇಂದುಧರ ಈ ಸಲ ಕೈಯನ್ನು ಅಲ್ಲೇ ಬಿಟ್ಟ. ಜಗಲಿಯ ಹತ್ತಿರ ಆಡದೆ ನುಂಗಿದ ಮಾತು ಈಗ ಹೀಗೆ ಹೊರಗೆ ಬಂತು. ಅಪ್ಪ ಕೈ ಕೊಡವಿಬಿಡುತ್ತಾರೆ, ಕೊಡವಬೇಕು, ಅದೇ ನ್ಯಾಯ ಎಂದುಕೊಂಡು ಕಣ್ಣು ಮುಚ್ಚಿದ. ಅವರು ಎಳೆದುಕೊಳ್ಳಲಿಲ್ಲ. ಬೆವೆತಿದ್ದ ಆ ಕೈಯನ್ನು ಹಿಡಿದೇ ಇದ್ದರು.

ಗಂಗಯ್ಯ ಮೇಷ್ಟ್ರು ತಿರುಗಿ, ಏನು ಕಲ್ಲೇಶಪ್ಪನವರೇ, ಇಲ್ಲೂ ವ್ಯಾಪಾರವೋ ಎಂದು ತಮಾಷೆ ಮಾಡಿದರು. ಕಲ್ಲೇಶಪ್ಪ ಟವೆಲ್ ತೆಗೆದು ಎಂದಿನಂತೆ ಹೆಗಲ ಮೇಲೆ ಹಾಕಿಕೊಂಡರು.

“ನಮ್ ಹುಡುಗಂದು ಸೆಕೆಂಡ್ ಕ್ಲಾಸಂತೆ ಮೇಷ್ಟ್ರೆ. ನಾನೇ ಸರ್ಯಾಗಿ ಕೇಳ್ಕಳ್ದೆ ಸುಳ್ಳೇಳ್ಬುಟ್ಟೆ. ಅವನ್ದೇನ್ ತಪ್ಪಿಲ್ಲ,” ಎಂದರು. ಇದನ್ನೂ ಅದೇ ಸಂತೆಯ ಗಂಟಲಲ್ಲಿ, ಸಾಲಿನ ಕೊನೆಯವರೆಗೆ ಕೇಳುವಂತೆ ಹೇಳಿದರು.

ಮೇಷ್ಟ್ರು ಕನ್ನಡಕ ತೆಗೆದು ಒರೆಸಿಕೊಂಡರು. ಅರುಣಾ ನೆಲ ನೋಡಿದಳು. ಅಲ್ಲ, ತಪ್ಪು ನನ್ನದು ಎಂದು ಕೂಗಬೇಕೆಂದು ಇಂದುಧರನಿಗೆ ಅನ್ನಿಸಿತು, ಕೂಗಲಿಲ್ಲ. ಮಾರ್ಕ್ಸಿನ ನಾಚಿಕೆ ಅವನಲ್ಲಿ ಎಲ್ಲಿ ಹೋಯಿತೋ. ಅದರ ಜಾಗದಲ್ಲಿ ಇನ್ನೊಂದು ನಾಚಿಕೆ ಬಂದು ಕೂತಿತು, ಮೊದಲಿನದು ಅದರ ಕಾಲಿನ ಕಿರುಬೆರಳಿಗೂ ಸಮವಿರಲಿಲ್ಲ. ಮೈಯನ್ನೆಲ್ಲ ಹಿಡಿ ಮಾಡಿಕೊಂಡು ಅಪ್ಪನ ಹಿಂದೆ ಸಾಲಿನಿಂದ ಈಚೆ ಬಂದ.

ಹೊರಗೆ ಹುಣಸೆಮರದ ನೆರಳಲ್ಲಿ ಕಲ್ಲೇಶಪ್ಪ ಕೂತರು. ಬೈಯಲಿಲ್ಲ. ನಿನ್ನ ಮಾರ್ಕ್ಸಿಗೆ ಯಾರು ಸೀಟು ಕೊಡುತ್ತಾರೆ, ಎಲ್ಲಾದರೂ ಕೇಳಿದೀಯಾ ಎಂದರು. ಇಂದುಧರ ಬೇಲೂರಿಗೆ ಹೋಗಿ ಬಂದದ್ದನ್ನು, ಬಿ.ಎ.ಯನ್ನು, ಚರಿತ್ರೆಯನ್ನು ತಡವರಿಸುತ್ತ ಹೇಳಿದ. ಅಷ್ಟು ದೂರ ಯಾಕೆಂದು ಅವರು ಕೇಳಿದ್ದಕ್ಕೆ, ಅಲ್ಲಿ ತನ್ನನ್ನು ಬಲ್ಲವರು ಯಾರೂ ಇಲ್ಲ ಎಂಬುದನ್ನೂ ಮುಚ್ಚಿಡದೆ ಹೇಳಿಬಿಟ್ಟ. ಅದನ್ನು ಕೇಳಿ ಕಲ್ಲೇಶಪ್ಪನವರ ಮುಖ ಸಣ್ಣಗಾಯಿತು. ಸೆಕೆಂಡ್ ಕ್ಲಾಸ್ ಕೇಳಿದಾಗಲೂ ಹಾಗೆ ಆಗಿರಲಿಲ್ಲ.

“ಓದು. ಆದ್ರೆ ಕದ್ದು ಓದ್ಬ್ಯಾಡ ಕಣ್ಲಾ. ನಾನೂ ಬತ್ತೀನಿ, ಈ ಟವೆಲ್ ಹಾಕ್ಕಂಡೇ ಬತ್ತೀನಿ,” ಎಂದು ಎದ್ದರು.

ಬಸ್ ಸ್ಟ್ಯಾಂಡಿನವರೆಗೂ ಇಂದುಧರ ಒಂದೇ ಮಾತನ್ನು ಬಾಯಲ್ಲಿ ಹೊರಳಿಸುತ್ತ ನಡೆದ. ಬಸ್ಸು ಹತ್ತುವ ಮುಂಚೆ ಕೇಳಿದ, “ಅಪ್ಪಾಜಿ, ಅವ್ವಂಗೆ ನೀವೇ ಹೇಳ್ತೀರಾ?”

“ನಿಮ್ಮವ್ವಂಗೆ ಟವೆಲ್ ವ್ಯಾಪಾರ ಬರಲ್ಲ. ಬಾಯ್ಬಿಟ್ಟೇ ಹೇಳ್ಬೇಕು, ನೀನೇ ಹೇಳ್ಬೇಕು,” ಎಂದರು ಕಲ್ಲೇಶಪ್ಪ.

ಮನೆ ಸೇರಿದಾಗ ಒಳಗಿನಿಂದ ಒಬ್ಬಟ್ಟಿನ ವಾಸನೆ ಬರುತ್ತಿತ್ತು. ಸುವರ್ಣಮ್ಮ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಾಗಿಲಿಗೆ ಬಂದರು. ಅವರ ಹಿಂದೆ ಗೂಟದಲ್ಲಿ ಹೊಸ ಬ್ಯಾಗು ನೇತಾಡುತ್ತಿತ್ತು. ಬಿ.ಎಸ್ಸಿ. ಸಿಕ್ತಲ್ವಾ ಎಂದು ಕೇಳಿದರು. ಕಲ್ಲೇಶಪ್ಪ ಟವೆಲ್ಲಿನಿಂದ ಮುಖ ಒರೆಸಿಕೊಳ್ಳುತ್ತ ಸುಮ್ಮನೆ ನಿಂತರು. ಆ ಸುಮ್ಮನಿರುವಿಕೆಯನ್ನು ಅವ್ವ ಹೌದೆಂದು ತಿಳಿದು ಮುಖ ಅರಳಿಸುವ ಮೊದಲೇ ಇಂದುಧರ ಹೇಳಿಬಿಟ್ಟ.