ಅಳತೆಗೆ ಬಾರದ ಕಲ್ಲು

“ಇದೇನ್ ಕಲ್ಲೇನ್ಲಾ, ಇಲ್ಲ ನಿಮ್ಮಪ್ಪನ ತಿಥಿಗೆ ತಟ್ಟಿದ ವಡೇನಾ?”

ಕಂಟ್ರಾಕ್ಟರ್ ವೆಂಕಟೇಶಪ್ಪ ಮೆಟ್ಟಿನ ತುದಿಯಿಂದ ಕಲ್ಲನ್ನು ತಿವಿದ. ಕಲ್ಲು ಅಲುಗಲಿಲ್ಲ. ಬಂಡೆಯ ಮಗ್ಗುಲಲ್ಲಿ ಅಂಥ ಸಾವಿರ ಕಲ್ಲುಗಳು ಸಾಲಾಗಿ ನಿಂತಿದ್ದವು. ಒಂದೂವರೆ ಅಡಿ ಉದ್ದ, ಮುಕ್ಕಾಲು ಅಡಿ ಅಗಲ, ಮೂಲೆಗೆ ಮೂಲೆ ನೆಟ್ಟಗೆ. ಐದು ಮನೆಯ ಒಡ್ಡರು ಆರು ವಾರ ಕೂತು ಕಡಿದ ಕಲ್ಲು. ಚಿನ್ನ ತೆಗೆದ ಮೇಲೆ ಗಣಿಯೊಳಗೆ ಉಳಿಯುವ ಪೊಟರೆ ಕುಸಿಯದಂತೆ ಈ ಕಲ್ಲಿನಿಂದ ಗೋಡೆ ಕಟ್ಟುತ್ತಾರೆ. ಅಳತೆ ಗಣಿಯದೇ. ಮನೆ ಕಟ್ಟುವವರು ಅದನ್ನು ಮೂಸಿಯೂ ನೋಡುವುದಿಲ್ಲ.

ಮುತ್ಯಾಲಮ್ಮ ಕೂತಲ್ಲಿಂದಲೇ ಅವನ ಮೆಟ್ಟನ್ನು ನೋಡುತ್ತಿದ್ದಳು. ಕಲ್ಲಿನ ಮುಖ ನೋಡಬೇಕಾದವನು ಕಲ್ಲಿಗೆ ಕಾಲು ತೋರಿಸುತ್ತಿದ್ದಾನೆ. ಇವನಿಗೆ ಉಳಿ ಹಿಡಿಯುವ ಕಡೆ ಯಾವುದು, ಹೊಡೆಯುವ ಕಡೆ ಯಾವುದು ಎಂದು ಗೊತ್ತಿರಲಾರದು.

“ನೂರು ಕಲ್ಲಿಗೆ ಐವತ್ತು ರೂಪಾಯಿ ಅಂದಿದ್ರಲ್ಲ ಸ್ವಾಮಿ,” ಎಂದ ಹಿರಿಯ ಆಂಜಿನಪ್ಪ. ಈ ಐದು ಮನೆಗೂ ಅವನೇ ಯಜಮಾನ.

“ಅಂದಿದ್ದೆ ಕಣಯ್ಯ. ಒಳ್ಳೇ ಕಲ್ಲಿಗೆ ಅಂದಿದ್ದೆ. ಇವಕ್ಕೆ ಇಪ್ಪತ್ತೈದು. ಬ್ಯಾಡ್ವಾ, ಬುಡು. ಒತ್ಕೊಂಡೋಗಿ ನಿಮ್ಮನೇಲಿ ರಾಗಿ ಬೀಸ್ಕೊಳ್ಳಿ.”

ರಾಗಿ ಎಲ್ಲಿತ್ತು? ಆಂಡರ್ಸನ್‌ಪೇಟೆಯ ಅಂಗಡಿಯವನು ವಾರದ ಹಿಂದೆಯೇ ಸಾಲ ನಿಲ್ಲಿಸಿದ್ದ. “ಕಂಟ್ರಾಕ್ಟ್ರು ಕೊಡಬ್ಯಾಡ ಅಂದವ್ರೆ ಕಣಮ್ಮ,” ಎಂದು ಮುತ್ಯಾಲಮ್ಮನ ಮುಖ ನೋಡದೆ ಹೇಳಿದ್ದ. ಯಾಕೆ ಎಂಬುದು ಈಗ ತಿಳಿಯಿತು. ವಾರವಿಡೀ ಐದು ಗುಡಿಸಿಲಲ್ಲೂ ಬೇಯಿಸಿದ ಸೊಪ್ಪು, ಅದರ ಮೇಲೆ ನೀರು.

“ಕೋರ್ಟ್ಗೋಗ್ತೀವಿ,” ಎಂದ ಆಂಜಿನಪ್ಪ. ಅವನ ದನಿಯಲ್ಲಿ ಕೋರ್ಟು ಎಲ್ಲೋ ಕಾಶಿಯಾಚೆ ಇದ್ದಂತಿತ್ತು.

“ಓಗಪ್ಪ, ಯಾರು ಬ್ಯಾಡ ಅಂದೋರು? ವಕೀಲ್ನಿಗೆ ಪೀಜು ಬದ್ಲು ನಾಕು ಕಲ್ಲು ಕೊಡು. ಓಗೋಕ್ ಮುಂಚೆ ಗುಡುಸ್ಲು ಕಿತ್ಕೊಂಡೋಗು. ಬಂಡೆ ನನ್ ಎಸ್ರಲ್ಲೈತೆ.”

ಅಷ್ಟರಲ್ಲಿ ವೆಂಕಟೇಶಪ್ಪನ ಗುಮಾಸ್ತ ಮೊದಲೇ ಬರೆದು ತಂದಿದ್ದ ಛಾಪಾ ಕಾಗದವನ್ನು ಬಿಚ್ಚಿ ಓದತೊಡಗಿದ. “ನಾವು ಕಡಿದ ಕಲ್ಲುಗಳು ಅಳತೆಗೆ ಬಾರದೆ ಕೆಟ್ಟಿರುವುದನ್ನು ನಾವೇ ಕಂಡು, ಅರ್ಧ ದರಕ್ಕೆ ಒಪ್ಪಿ, ಯಾರ ಬಲವಂತವೂ ಇಲ್ಲದೆ ಸ್ವಸಂತೋಷದಿಂದ...”

“ಅದೇನ್ ಸ್ವಾಮಿ ಸ್ವಸಂತೋಸ ಅಂದ್ರೆ?” ಎಂದಳು ಮುತ್ಯಾಲಮ್ಮ.

“ಖುಷಿಯಾಗಿ ಅಂತ.”

“ಯಾರ್ ಖುಸಿ?”

“ಲೇ ಸೊಣ್ಣಪ್ಪ,” ಎಂದ ವೆಂಕಟೇಶಪ್ಪ ಅವಳ ಗಂಡನತ್ತ ತಿರುಗಿ, “ನಿನ್ನೆಂಡ್ರು ಬಾಯಿಗೊಂದು ಬೆಣೆ ಒಡೀಲಾ. ಕಲ್ಲೊಡ್ಡ ಅಂತೀಯ, ಅಷ್ಟೂ ಬರಾಕಿಲ್ವಾ?”

ಗುಮಾಸ್ತ ನಕ್ಕ. ಸೊಣ್ಣಪ್ಪ ನೆಲ ನೋಡಿದ. ಮಕ್ಕಳು ಬೆಳಗಿನಿಂದ ಮೂರನೇ ಸಲ ನೀರು ಕುಡಿಯುತ್ತಿದ್ದವು. ಆಂಜಿನಪ್ಪನೇ ಮೊದಲು ಹೆಬ್ಬೆಟ್ಟು ಒತ್ತಿದ. ಅವನ ಹಿಂದೆ ಒಬ್ಬೊಬ್ಬರೇ ಒತ್ತಿದರು. ಮುತ್ಯಾಲಮ್ಮನ ಸರದಿ ಬಂದಾಗ ಗುಮಾಸ್ತ ಅವಳ ಕೈ ಮುಟ್ಟಲಾರದೆ ಶಾಯಿಯ ಡಬ್ಬಿಯನ್ನು ನೆಲಕ್ಕಿಟ್ಟು ಹಿಂದೆ ಸರಿದ. ಉಳಿ ಸುತ್ತಿಗೆ ಹಿಡಿದು ಅವಳ ಬೆರಳಿನ ಗೆರೆಗಳೆಲ್ಲ ಸವೆದಿದ್ದವು. ಕಾಗದದ ಮೇಲೆ ಬರೀ ಕಪ್ಪು ಕಲೆ ಬಿತ್ತು.

“ಸಾಕು ಸಾಕು,” ಎಂದ ವೆಂಕಟೇಶಪ್ಪ. ಕಾಗದ ಜೇಬು ಸೇರುತ್ತಿದ್ದಂತೆ ಅವನ ಗತ್ತು ಇಳಿದು ಅವಸರ ಹತ್ತಿತು. “ತುಂಬ್ರಲೇ ಬೇಗ! ಎರಡು ಲಾರಿ, ನಾಕ್ ನಾಕ್ ಸಲ ಓಗ್ಬೇಕು. ನಾಳೆ ಮದ್ಯಾನ್ಕೆ ಗಣಿ ಗೇಟು ಮುಟ್ನಿಲ್ಲ ಅಂದ್ರೆ ನನ್ ಡಿಪಾಜಿಟ್ಟೂ ಓಯ್ತದೆ, ಕಂಟ್ರಾಕ್ಟೂ ಓಯ್ತದೆ.”

ಮುತ್ಯಾಲಮ್ಮ ಕಲ್ಲೆತ್ತಲು ಬಗ್ಗಿದ್ದವಳು ಹಾಗೇ ನಿಂತಳು. ಈ ಬೋಳಿಮಗನಿಗೂ ನಾಳೆ ಎನ್ನುವುದೊಂದು ಇದೆ. ನಮ್ಮ ಕುತ್ತಿಗೆ ಹಿಸುಕುತ್ತಿದ್ದಾಗ ಇವನ ಕುತ್ತಿಗೆಯೂ ನಮ್ಮ ಕೈಯಲ್ಲೇ ಇತ್ತು. ನಮಗೆ ಗೊತ್ತಿರಲಿಲ್ಲ, ಅಷ್ಟೆ.

ಅವಳು ಸಮ್ಮಟಿಗೆ ಎತ್ತಿಕೊಂಡಳು. ಕಲ್ಲಿನ ಎಳೆ ಎಲ್ಲಿ ಓಡುತ್ತದೆಂದು ಅವಳ ಕೈಗೆ ಗೊತ್ತಿತ್ತು. ಒಂದೇ ಏಟು. ಕಲ್ಲು ಎರಡು ಹೋಳಾಯಿತು.

“ಏಯ್! ಏನ್ಲೇ ಮಾಡ್ತಿದ್ದೀಯ?”

“ಕೆಟ್ಟೋಗವೆ ಅಂತ ನೀವೇ ಬರ್ಕೊಂಡ್ರಲ್ಲ ಸ್ವಾಮಿ. ಕೆಟ್ಟ ಕಲ್ಲು ಗಣಿಗಾಕಿ, ಮ್ಯಾಗ್ಲಿಂದ ಬಂಡೆ ಬಿದ್ದು ಯಾರಾನ ಸತ್ರೆ ಆ ಪಾಪ ನಮ್ಗ್ಯಾಕೆ?”

ಎರಡನೆಯ ಕಲ್ಲು. ಮೂರನೆಯದು. ಸೊಣ್ಣಪ್ಪ ಓಡಿ ಬಂದು ಅವಳ ರಟ್ಟೆ ಹಿಡಿದ. “ಮಕ್ಳು ಒಟ್ಟೆ ನೋಡೇ...”

“ಮಕ್ಳು ಒಟ್ಟೆ ನೋಡೇ ಒಡೀತಿರೋದು. ಇವತ್ತು ಅರ್ದ ಅಂದೋನು ನಾಳೆ ಕಾಲು ಅಂತಾನೆ. ಬುಡು ಕೈಯ.”

ಸೊಣ್ಣಪ್ಪ ಕೈ ಬಿಟ್ಟ. ಹೋಗಿ ತನ್ನ ಸಮ್ಮಟಿಗೆ ಹುಡುಕಿಕೊಂಡು ಬಂದ. ಆಂಜಿನಪ್ಪನೂ ಎದ್ದ. ಬಂಡೆಯ ಮಗ್ಗುಲೆಲ್ಲ ಟಣ್ ಟಣ್ ಎಂದು ಮೊಳಗತೊಡಗಿತು.

“ನಿಲ್ಸ್ರೋ!” ವೆಂಕಟೇಶಪ್ಪ ಪಂಚೆ ಎತ್ತಿಕೊಂಡು ಸಾಲಿನಿಂದ ಸಾಲಿಗೆ ಓಡಿದ. “ಐವತ್ತೇ ಕೊಡ್ತೀನಿ ಕಣ್ರಪ್ಪ! ಅಂದಿದ್ದೇ ಕೊಡ್ತೀನಿ!”

ಮುತ್ಯಾಲಮ್ಮ ಸಮ್ಮಟಿಗೆ ಇಳಿಸಿದಳು. “ಇಲ್ಲೇ ಮಡಗು. ಐನೂರೂ ಮಡಗು.”

ವೆಂಕಟೇಶಪ್ಪ ಗುಮಾಸ್ತನನ್ನು ನೋಡಿದ. ಗುಮಾಸ್ತ ಹಣದ ಚೀಲದ ಬಾಯಿ ತೆರೆಯಲು ಹಿಂಜರಿದ. ಆಂಜಿನಪ್ಪ ಅದನ್ನು ಕಿತ್ತುಕೊಂಡು ಕಲ್ಲಿನ ಮೇಲೆ ಸುರಿದ. ಎಣಿಸಿದ. ಇನ್ನೂರ ಐವತ್ತು. ಅದರ ಮೇಲೆ ಒಂದು ಕಾಸೂ ಇರಲಿಲ್ಲ.

“ಮಿಕ್ಕಿದ್ದು ರಾಬರ್ಟ್‌ಸನ್‌ಪೇಟೇಲಿ ಕೊಡ್ತೀನಿ. ದೇವ್ರಾಣೆ!”

ಅರ್ಧವನ್ನು ಮನೆಯಲ್ಲೇ ಎಣಿಸಿ ತಂದವನು ಇಲ್ಲಿ ಬಂದು ಕಲ್ಲಿನ ಅಳತೆ ನೋಡಿದ್ದ. ಮುತ್ಯಾಲಮ್ಮ ಅವನ ಮೆಟ್ಟಿನ ಪಕ್ಕಕ್ಕೆ ಸರಿಯಾಗಿ ಉಗಿದಳು. ನೋಟುಗಳನ್ನು ಗುಡ್ಡೆ ಮಾಡಿ ಚೀಲಕ್ಕೆ ತುರುಕಿ ಗುಮಾಸ್ತನ ಎದೆಗೆ ಎಸೆದಳು.

“ಪೊಲೀಸ್ನೋರ್ನ ತತ್ತೀನಿ ಕಣ್ರೇ! ಒಬ್ಬೊಬ್ರುನ್ನೂ ಜೈಲಿಗಾಕುಸ್ತೀನಿ!” ಎಂದು ಅರಚುತ್ತ ವೆಂಕಟೇಶಪ್ಪ ಲಾರಿ ಹತ್ತಿದ. ಖಾಲಿ ಲಾರಿಗಳೆರಡೂ ಎಗರಾಡುತ್ತ ಇಳಿಜಾರಿನಲ್ಲಿ ಇಳಿದು ಹೋದವು.

ಇನ್ನೂ ಎಂಟುನೂರು ಕಲ್ಲು ಉಳಿದಿದ್ದವು. ಪೊಲೀಸರ ಜೊತೆ ಬಂದರೆ ಆ ಹೆಬ್ಬೆಟ್ಟಿನ ಕಾಗದ ತೋರಿಸಿ ಅವನ್ನೂ ಹೊತ್ತೊಯ್ಯುತ್ತಾನೆ. ಮುತ್ಯಾಲಮ್ಮ ಸೆರಗು ಬಿಗಿದು ಸೊಂಟಕ್ಕೆ ಸಿಕ್ಕಿಸಿಕೊಂಡು ಮತ್ತೆ ಸಮ್ಮಟಿಗೆ ಎತ್ತಿದಳು.