ಲಾಂಡ್ರಿ ಅಕ್ಕ ನೀರಿಗಿಳಿದದ್ದು

ನಮ್ಮ ಅಕ್ಕ ಕುರ್ಚಿಯ ಮೇಲೆ ಪೂರ್ತಿಯಾಗಿ ಕುಳಿತದ್ದನ್ನು ಕಂಡವರಿಲ್ಲ. ಕುಳಿತರೂ ಅಂಚಿನಲ್ಲಿ, ಯಾರೋ ಈಗ ತಾನೇ ಕರೆದಿದ್ದಾರೆ, ಇನ್ನೇನು ಎದ್ದು ಹೋಗಬೇಕು ಎನ್ನುವ ಭಂಗಿಯಲ್ಲಿ, ಒಂದು ಹಿಮ್ಮಡಿಯನ್ನು ನೆಲದಿಂದ ಎತ್ತಿಕೊಂಡೇ ಕುಳಿತಿರುತ್ತಾಳೆ. ಕಾಫಿಯನ್ನು ನಿಂತು ಕುಡಿಯುತ್ತಾಳೆ, ಊಟವನ್ನು ಒಲೆಗೂ ಮೇಜಿಗೂ ನಡುವೆ ಓಡಾಡುತ್ತ ಮುಗಿಸುತ್ತಾಳೆ, ನಿದ್ದೆಯನ್ನು ಹೇಗೆ ಮಾಡುತ್ತಾಳೋ ಭಾವನಿಗೇ ಗೊತ್ತು. ಹುಟ್ಟುವಾಗಲೇ ಕಾಲಿಗೆ ಚಕ್ರ ಕಟ್ಟಿಕೊಂಡು ಬಂದವಳು ಎಂದು ಅಮ್ಮ ಹೇಳುತ್ತಿದ್ದಳು. ಚಕ್ರವನ್ನಾದರೂ ಎಣ್ಣೆ ಹಾಕಲು ಒಮ್ಮೊಮ್ಮೆ ನಿಲ್ಲಿಸುತ್ತಾರೆ. ಇವಳನ್ನು ನಿಲ್ಲಿಸಿದವರನ್ನು ನಾನು ಕಾಣೆ.

ಅವಳದೊಂದು ಲಾಂಡ್ರಿ. ರಸ್ತೆಯ ತಿರುವಿನಲ್ಲಿ, ಗಾಜಿನ ಮೇಲೆ ಸದಾ ಹಬೆ ಕಟ್ಟಿರುವ ಉದ್ದನೆಯ ಕೋಣೆ. ಒಂದು ಗೋಡೆಗೆ ಗುಂಡು ಬಾಯಿಯ ಯಂತ್ರಗಳು, ಇನ್ನೊಂದು ಗೋಡೆಗೆ ಇಸ್ತ್ರಿಯ ಮೇಜುಗಳು, ನಡುವೆ ಹ್ಯಾಂಗರುಗಳಲ್ಲಿ ತೂಗುವ ಊರವರ ಕೋಟುಗಳ ಸಾಲು. ಆ ಸಾಲಿನ ಸಂದಿಯಲ್ಲಿ ಬೂದುಬಣ್ಣದ, ಮೊಣಕಾಲುದ್ದದ ಕೋಟೊಂದು ತಾನಾಗಿ ಓಡಾಡುತ್ತಿದೆ ಎನ್ನಿಸಿದರೆ ಅದು ಅಕ್ಕ. ಯಾರೋ ಗಿರಾಕಿ ಒಗೆಯಲು ಕೊಟ್ಟು ವಾಪಸು ಬಾರದೆ ಹೋದ ಗಂಡಸರ ಕೋಟು ಅದು. ಅದರ ಜೇಬುಗಳಲ್ಲಿ ಗುಂಡಿ, ಸೂಜಿ, ಸೀಮೆಸುಣ್ಣ, ಅರ್ಧ ತಿಂದ ಬಿಸ್ಕತ್ತು. ಅವಳ ಕೈಗಳಿಗೆ ಒಂದು ಚಾಳಿಯಿದೆ. ಎದುರಿಗೆ ಯಾರೇ ನಿಂತಿರಲಿ, ಅವರ ಅಂಗಿಯ ಕೆಳ ಅಂಚನ್ನು ಹಿಡಿದು ಒಮ್ಮೆ ಸರಕ್ಕನೆ ಜಗ್ಗಿ, ಸುಕ್ಕು ಬಿಡಿಸಿ, ನೆಟ್ಟಗೆ ಮಾಡಿಬಿಡುತ್ತಾಳೆ. ಗಿರಾಕಿಗಳ ಅಂಗಿ ಇರಲಿ, ಜ್ವರ ಬಂದು ಮಲಗಿದ್ದಾಗ ಸೂಜಿ ಚುಚ್ಚಲು ಬಾಗಿದ ಡಾಕ್ಟರ ಅಂಗಿಯನ್ನೂ ಅವಳು ಬಿಟ್ಟಿಲ್ಲ. ತಾನು ಜಗ್ಗಿದೆನೆಂಬುದು ಅವಳಿಗೆ ಗೊತ್ತಿರುವುದೂ ಇಲ್ಲ. ಆ ಕೈಗಳು ಅವಳನ್ನು ಕೇಳಿ ಕೆಲಸ ಮಾಡುವ ಕೈಗಳಲ್ಲ.

ಮಾತಿನಲ್ಲೂ ಅದೇ ಅವಸರ. ನಾವು ಅರ್ಧ ಹೇಳುವಷ್ಟರಲ್ಲಿ ಉಳಿದರ್ಧವನ್ನು ಅವಳೇ ಹೇಳಿ, "ಗೊತ್ತಾಯ್ತು, ಗೊತ್ತಾಯ್ತು, ಮುಂದೆ?" ಎನ್ನುತ್ತಾಳೆ. ಇಂಥವಳಿಗೆ ವಿಧಿ ಗಂಟುಹಾಕಿದ್ದು ಹಳೆಯ ಪುಸ್ತಕಗಳಿಗೆ ಬೈಂಡು ಹಾಕುವ ಒಬ್ಬ ಮನುಷ್ಯನಿಗೆ. ಅಂಟು ಒಣಗುವವರೆಗೆ ಕಾಯುವುದೇ ಆತನ ಕಸುಬು. ಭಾವ ಬಾಯಿ ತೆರೆದು ಒಂದು ವಾಕ್ಯವನ್ನು ಆರಂಭಿಸುತ್ತಾರೆ, ಅಕ್ಕ ಅದನ್ನು ಮುಗಿಸುತ್ತಾಳೆ, ಭಾವ ತಲೆಯಾಡಿಸುತ್ತಾರೆ. ದಾಂಪತ್ಯವೆಂಬುದು ಹೀಗೂ ಸುಖವಾಗಿ ನಡೆಯುತ್ತದೆ.

ಭಾವನಿಗೆ ಇದ್ದದ್ದು ಒಂದೇ ಹುಚ್ಚು: ನೀರಿನಡಿ ಈಜುವವರು ಹಿಂದಿನ ಕಾಲದಲ್ಲಿ ಬಳಸುತ್ತಿದ್ದ ಸಲಕರಣೆ. ಬೆನ್ನಿಗೊಂದು ಉಕ್ಕಿನ ಸಿಲಿಂಡರು. ಅದರ ನೆತ್ತಿಯ ಮೇಲೆ ಹಿತ್ತಾಳೆಯ ದುಂಡು ಡಬ್ಬಿಯಂಥ ರೆಗ್ಯುಲೇಟರು. ಅಲ್ಲಿಂದ ಎರಡೂ ಕಿವಿಗಳ ಪಕ್ಕ ಹಾದು ಬಾಯಿಗೆ ಬಂದು ಸೇರುವ, ಸುಕ್ಕುಸುಕ್ಕಾದ ಎರಡು ರಬ್ಬರ್ ಕೊಳವೆಗಳು. ಒಂದರಲ್ಲಿ ಗಾಳಿ ಬರುತ್ತದೆ, ಇನ್ನೊಂದರಲ್ಲಿ ಬಿಟ್ಟ ಉಸಿರು ಹೋಗುತ್ತದೆ. ಗಾಳಿ ಎಷ್ಟು ಉಳಿದಿದೆಯೆಂದು ತೋರಿಸುವ ಮುಳ್ಳು ಅದರಲ್ಲಿಲ್ಲ. ಉಸಿರೆಳೆಯುವುದು ಬಿಗಿಯಾಗುತ್ತ ಬಂದರೆ ಗಾಳಿ ತೀರುತ್ತ ಬಂತೆಂದು ಅರ್ಥ. ಆಗ ಸೊಂಟದ ಪಕ್ಕಕ್ಕೆ ಇಳಿಬಿದ್ದಿರುವ ಒಂದು ಕಂಬಿಯನ್ನು ಕೆಳಕ್ಕೆ ಎಳೆಯಬೇಕು. ಸಿಲಿಂಡರು ತಡೆಹಿಡಿದಿಟ್ಟಿದ್ದ ಕೊನೆಯ ಪಾಲು ಆಗ ಬಿಡುಗಡೆಯಾಗುತ್ತದೆ, ಅದು ಮುಗಿಯುವುದರೊಳಗೆ ಮೇಲೆ ಬಂದುಬಿಡಬೇಕು. ಈಗ ಇದಕ್ಕಿಂತ ಎಷ್ಟೋ ಸುಲಭದ್ದು ಬಂದಿದೆಯಲ್ಲ ಎಂದು ನಾನೊಮ್ಮೆ ಕೇಳಿದ್ದಕ್ಕೆ ಭಾವ, ಅಕ್ಕ ಒಳಗಿದ್ದ ಕಾರಣ, ಪೂರ್ತಿ ವಾಕ್ಯವನ್ನೇ ಹೇಳಿದರು: "ಅದ್ರಲ್ಲಿ ಗುಳ್ಳೆ ಮುಖದ ಮುಂದೇನೇ ಏಳುತ್ತಪ್ಪ. ಇದ್ರಲ್ಲಿ ಬೆನ್ನ ಹಿಂದೆ ಹೋಗುತ್ತೆ. ಮುಂದೆ ಇರೋದು ನೀರು ಮಾತ್ರ."

ಊರಾಚೆ ಕಲ್ಲು ತೆಗೆದು ಬಿಟ್ಟ ಕ್ವಾರಿಯೊಂದರಲ್ಲಿ ತಿಳಿನೀರು ನಿಂತು ದೊಡ್ಡ ಹೊಂಡವಾಗಿತ್ತು. ಈ ಹಳೆಯ ಸಲಕರಣೆಯ ಹುಚ್ಚಿನ ನಾಲ್ಕಾರು ಜನ ಅಲ್ಲಿ ಸೇರುತ್ತಿದ್ದರು. ಅವರ ಹಿರಿಯರು ಒಬ್ಬ ನಿವೃತ್ತ ಗಣಿತದ ಮೇಷ್ಟ್ರು. ನೆಲದ ಮೇಲೂ ನೀರಿನೊಳಗೂ ಅವರದು ಒಂದೇ ವೇಗವಾದ್ದರಿಂದ ಎಲ್ಲರೂ ಆಮೆ ಮೇಷ್ಟ್ರು ಎನ್ನುತ್ತಿದ್ದರು. ಅವರ ನಿಯಮ ಒಂದೇ: ಒಂಟಿಯಾಗಿ ಯಾರೂ ಇಳಿಯಕೂಡದು, ಜೊತೆಗಾರನಿಲ್ಲದವನು ದಡದಲ್ಲೇ ಇರಬೇಕು. ಭಾವನ ಜೊತೆಗಾರರಾಗಿದ್ದ ಬೀಗದ ಅಂಗಡಿಯವರಿಗೆ ಕಿವಿಯ ತೊಂದರೆ ಶುರುವಾಗಿ, ಇನ್ನು ಮುಳುಗಕೂಡದೆಂದು ಡಾಕ್ಟರು ಕಟ್ಟುನಿಟ್ಟು ಮಾಡಿದರು. ಉಳಿದವರಿಗೆಲ್ಲ ಅವರವರ ಜೊತೆಗಾರರಿದ್ದರು. ಭಾವ ದಡಕ್ಕೆ ಬಿದ್ದರು.

ಮಾತಾಡದ ಮನುಷ್ಯ ಸುಮ್ಮನಾದರೆ ಬೇರೆಯವರಿಗೆ ತಿಳಿಯುವುದಿಲ್ಲ, ಹೆಂಡತಿಗೆ ತಿಳಿಯುತ್ತದೆ. ಭಾವ ಬಚ್ಚಲಿನಲ್ಲಿ ಕುಳಿತು ಹಿತ್ತಾಳೆಯನ್ನು ಉಜ್ಜುತ್ತಿದ್ದರು. ಉಜ್ಜಿ ಮುಗಿದ ಮೇಲೂ ಉಜ್ಜುತ್ತಿದ್ದರು. ಅಕ್ಕನಿಗೆ ಮುಗಿಸಲು ವಾಕ್ಯಗಳೇ ಇಲ್ಲವಾದವು, ಏಕೆಂದರೆ ಅವರು ಆರಂಭಿಸುವುದನ್ನೇ ಬಿಟ್ಟಿದ್ದರು. ಕೊನೆಗೆ ಒಬ್ಬ ಹೋಟೆಲಿನ ಯಜಮಾನ ಆ ಸಲಕರಣೆಯನ್ನೆಲ್ಲ ತನ್ನ ಊಟದ ಕೋಣೆಯ ಗೋಡೆಗೆ ಅಲಂಕಾರಕ್ಕೆ ತೂಗುಹಾಕುತ್ತೇನೆಂದು ಕೇಳಿದಾಗ ಭಾವ "ತಗೊಂಡ್ಹೋಗಿ" ಅಂದುಬಿಟ್ಟರಂತೆ. ಅಕ್ಕ ಅಂದು ಲಾಂಡ್ರಿಯನ್ನು ಅರ್ಧಕ್ಕೇ ಮುಚ್ಚಿ ನನ್ನ ಮನೆಗೆ ಬಂದಳು. ಬಾಗಿಲಲ್ಲೇ ನಿಂತು ನನ್ನ ಅಂಗಿಯನ್ನೊಮ್ಮೆ ಜಗ್ಗಿ, "ಇವ್ರು ಕಣ್ಣೆದುರಿಗೇ ಒಣಗಿ ಹೋಗ್ತಿದಾರೆ ಕಣೋ. ನಾನೇ ಕಲ್ತುಕೋತೀನಿ," ಎಂದಳು.

"ಏನನ್ನ?"

"ಮುಳುಗೋದನ್ನ."

ಬಕೆಟ್ಟಿಗಿಂತ ಆಳದ ನೀರನ್ನು ಮುಟ್ಟದ, ಐವತ್ತು ದಾಟಿದ ಹೆಂಗಸು. ನಾನು ನಕ್ಕೆ. ಅವಳು ನಗಲಿಲ್ಲ.

ಕಲಿಕೆ ಈಜುಕೊಳದಲ್ಲಿ ಆರಂಭವಾಯಿತು. ಈಜಲು ಬೇಗ ಕಲಿತಳು, ಅದು ಕೈಕಾಲು ಬಡಿಯುವ ಕೆಲಸ. ಕಷ್ಟವೆಂದರೆ ತಳದಲ್ಲಿ ಸುಮ್ಮನಿರುವುದು. ಸಿಲಿಂಡರಿನ ಗಾಳಿಯನ್ನು ಅವಳು ಬೇಸಿಗೆಯಲ್ಲಿ ದಣಿದು ಬಂದವರು ನೀರು ಕುಡಿಯುವಂತೆ ಕುಡಿದು ಮುಗಿಸುತ್ತಿದ್ದಳು. ಉಳಿದವರು ಆಗಿನ್ನೂ ಅರ್ಧಕ್ಕೂ ಬಂದಿರುತ್ತಿರಲಿಲ್ಲ. ತಳದ ಹೆಂಚುಗಳ ಮೇಲೆ ಯಾರೋ ಬಿಟ್ಟುಹೋದ ತಲೆಪಿನ್ನುಗಳನ್ನು ಆರಿಸುವಳು, ಪಕ್ಕದವರ ಬೆಲ್ಟಿನ ತುದಿಯನ್ನು ಮಡಿಚಿ ಸಿಕ್ಕಿಸುವಳು, ಮೇಷ್ಟ್ರು ಸನ್ನೆ ಮಾಡಲು ಕೈಯೆತ್ತಿದರೆ ಸನ್ನೆ ಪೂರ್ತಿಯಾಗುವ ಮೊದಲೇ ತಲೆಯಾಡಿಸುವಳು. "ನೀರಿಗೆ ಅವಸರ ಅನ್ನೋದು ಅರ್ಥ ಆಗಲ್ಲ ತಾಯಿ," ಎಂದು ಮೇಷ್ಟ್ರು ನಿಧಾನವಾಗಿ ಹೇಳುತ್ತಿದ್ದರು, ಅವಳು "ಗೊತ್ತಾಯ್ತು, ಮುಂದೆ?" ಎನ್ನುತ್ತಿದ್ದಳು. ದೊಡ್ಡ ಸಿಲಿಂಡರನ್ನು ಅವಳಿಗೆ ಬಿಟ್ಟುಕೊಟ್ಟು ಭಾವ ಚಿಕ್ಕದನ್ನು ಹೊತ್ತುಕೊಂಡದ್ದು ಈ ಕಾರಣಕ್ಕೇ.

ಎಲ್ಲಕ್ಕಿಂತ ದೊಡ್ಡ ಗಂಡಾಂತರ ಇನ್ನೊಂದು ಪಾಠದಲ್ಲಿತ್ತು. ಒಬ್ಬರ ಗಾಳಿ ನಿಂತುಹೋದರೆ ಇಬ್ಬರೂ ಎದುರುಬದುರಾಗಿ, ಭುಜದ ಪಟ್ಟಿ ಹಿಡಿದುಕೊಂಡು, ಒಂದೇ ಕೊಳವೆಯ ಬಾಯನ್ನು ಹಂಚಿಕೊಳ್ಳಬೇಕು: ಎರಡು ಉಸಿರು ನಿನಗೆ, ಎರಡು ಉಸಿರು ಅವರಿಗೆ. ಕೊಳವೆ ತನ್ನ ಬಳಿ ಇಲ್ಲದಾಗ ಉಸಿರು ಬಿಗಿಹಿಡಿಯಲೂ ಕೂಡದು. ಮೇಲೇರುವಾಗ ಎದೆಯೊಳಗಿನ ಗಾಳಿ ಹಿಗ್ಗುತ್ತದೆ, ಹಿಡಿದಿಟ್ಟರೆ ಪ್ರಾಣಕ್ಕೇ ಅಪಾಯ. ಇದ್ದದ್ದನ್ನೂ ಸ್ವಲ್ಪ ಸ್ವಲ್ಪವೇ ಬಿಡುತ್ತ, ಬರುವುದಕ್ಕೆ ಕಾಯಬೇಕು. ಅಕ್ಕನಿಗೆ ಇದು ಬಗೆಹರಿಯಲೇ ಇಲ್ಲ. ಭಾವ ಒಂದು ಉಸಿರು ಎಳೆದು ಎರಡನೆಯದಕ್ಕೆ ಬರುವಷ್ಟರಲ್ಲಿ ಕಸಿದುಕೊಳ್ಳುತ್ತಿದ್ದಳು. ಪ್ರತಿ ಸಲವೂ ಭಾವ ನೀರು ಕುಡಿದು ಕೆಮ್ಮುತ್ತ ಮೇಲೆ ಬರುತ್ತಿದ್ದರು. ಆಮೆ ಮೇಷ್ಟ್ರು ಒಮ್ಮೆ ತಾಳ್ಮೆಗೆಟ್ಟು, "ಅವ್ರ ಮಾತನ್ನೂ ನೀವೇ ಮುಗಿಸ್ತೀರಿ, ಅವ್ರನ್ನೂ ನೀವೇ ಮುಗಿಸ್ಬೇಕು ಅಂತಿದೀರಾ?" ಎಂದುಬಿಟ್ಟರು. ಮರುದಿನ ಅಕ್ಕ ಎಲ್ಲರಿಗಿಂತ ಮೊದಲು ಕೊಳದ ಬಾಗಿಲಲ್ಲಿದ್ದಳು. ಹಿಡಿದ ಹಟ ಬಿಡದ ಆ ಮೊಂಡುತನದಿಂದಲೇ, ತಿಂಗಳುಗಟ್ಟಲೆ ಕುಡಿದ ನೀರಿನ ಕೊನೆಗೆ, ಹತ್ತರಲ್ಲಿ ಆರೇಳು ಸಲ ಸರಿಯಾಗಿ ಮಾಡುವಷ್ಟಕ್ಕೆ ಬಂದಳು. ಉಳಿದ ಮೂರ್ನಾಲ್ಕು ಸಲದ ಬಗ್ಗೆ ಮೇಷ್ಟ್ರಿಗೆ ಅಳುಕಿತ್ತು. ಭಾವನೇ ಅವರನ್ನು ಒಪ್ಪಿಸಿದರು. ಅಷ್ಟು ಉದ್ದ ಮಾತಾಡಿದ್ದನ್ನು ನಾನು ಅದೇ ಮೊದಲು ಕೇಳಿದ್ದು.

ಕ್ವಾರಿಯಲ್ಲಿ ಮೊದಲ ಸಲ ಆಳಕ್ಕಿಳಿಯುವ ದಿನ ನಾನೂ ಹೋಗಿದ್ದೆ, ಟವೆಲ್ಲು ಹಿಡಿಯುವ ಕೆಲಸಕ್ಕೆ. ಬೆಳಗಿನ ಬಿಸಿಲು, ಕಲ್ಲಿನ ಮೆಟ್ಟಿಲುಗಳಂಥ ಗೋಡೆಗಳ ನಡುವೆ ಕಡುಹಸಿರು ನೀರು. ಮೇಷ್ಟ್ರು ಇಬ್ಬರ ಕಂಬಿ, ಕೊಳವೆ, ಪಟ್ಟಿಗಳನ್ನೂ ಮುಟ್ಟಿ ಮುಟ್ಟಿ ಪರೀಕ್ಷಿಸಿ "ಸರಿ" ಎಂದರು. ಅಕ್ಕ ಭಾವನ ಹಿಂದೆ ನಿಂತಿದ್ದಳು. ಒಂದು ಕಾಲಿನಿಂದ ಇನ್ನೊಂದು ಕಾಲಿಗೆ ಭಾರ ಬದಲಿಸುತ್ತಿದ್ದಳು, ಹಬೆ ಕಟ್ಟದಿರಲೆಂದು ಮುಖವಾಡದ ಗಾಜಿಗೆ ಉಗುಳಿ ಉಜ್ಜುತ್ತಿದ್ದಳು, ಉಜ್ಜಿದ್ದನ್ನೇ ಮತ್ತೆ ಉಜ್ಜುತ್ತಿದ್ದಳು. ಭಾವ ನೀರಿನತ್ತ ಹೆಜ್ಜೆಯಿಟ್ಟರು. ಅವರು ಕೆಲಸಕ್ಕೆ ಹೊರಡುವಾಗ ಪ್ರತಿ ಬೆಳಗ್ಗೆ ಬಾಗಿಲಲ್ಲಿ ಅಂಗಿಯ ಅಂಚಿಗೆ ಹೋಗುತ್ತಿದ್ದ ಅದೇ ಕೈ ಆಗಲೂ ಹೋಯಿತು. ಅಂಗಿಯಿರಲಿಲ್ಲ, ಕಂಬಿಯಿತ್ತು. ಸರಕ್ಕನೆ ಒಮ್ಮೆ ಕೆಳಕ್ಕೆ ಜಗ್ಗಿ, ನೆಟ್ಟಗೆ ಮಾಡಿ, ಅಕ್ಕ ಗಂಡನ ಹಿಂದೆ ನೀರಿಗಿಳಿದಳು. ಮೇಷ್ಟ್ರು ಆಗ ಇನ್ನೊಬ್ಬರ ಬೆಲ್ಟು ನೋಡುತ್ತಿದ್ದರು. ನಾನು ಕಣ್ಣಾರೆ ಕಂಡೆ. ಆದರೆ ಅಕ್ಕ ಏನನ್ನಾದರೂ ಜಗ್ಗುವುದು ನನಗೆ ಹೊಸದಲ್ಲ, ಕಂಡದ್ದರ ಅರ್ಥ ತಿಳಿಯುವಷ್ಟು ಆ ಸಲಕರಣೆ ನನಗೆ ಪರಿಚಿತವೂ ಅಲ್ಲ.

ಹೀಗೆ ಭಾವ ಕಾದಿಡಬೇಕಾದ ಪಾಲನ್ನೂ ಉಳಿದ ಗಾಳಿಯೊಂದಿಗೇ ಉಸಿರಾಡುತ್ತ ಇಳಿದರು. ಮೇಲಿನಿಂದ ನನಗೆ ಕಾಣುತ್ತಿದ್ದದ್ದು ಎರಡು ಗುಳ್ಳೆಗಳ ಸಾಲು, ಜೊತೆಜೊತೆಯಾಗಿ ಸಾಗುತ್ತಿದ್ದವು. ಅಕ್ಕನದು ಆ ದಿನ ಆಶ್ಚರ್ಯವೆನ್ನುವಷ್ಟು ನಿಧಾನವಾಗಿತ್ತು. ಕೆಳಗೆ ಅವಳು ಮೊದಲ ಸಲ ಗಂಡ ನೋಡುತ್ತಿದ್ದದ್ದನ್ನು ನೋಡುತ್ತಿದ್ದಳಂತೆ: ಮುಳುಗಿದ ಒಂದು ಮರ, ಅದರ ಎಲೆಯಿಲ್ಲದ ಕೊಂಬೆಗಳ ನಡುವೆ ಬೆರಳುದ್ದದ ಮೀನುಗಳು, ಎಲ್ಲಿಗೂ ಹೊರಡದೆ ನಿಂತಿದ್ದವು. ಇನ್ನೂ ಸ್ವಲ್ಪ ಹೊತ್ತು ಇರೋಣ ಎಂದು ಸನ್ನೆ ಮಾಡಲು ಅವಳು ತಿರುಗಿದಾಗ ಭಾವನ ಕೈ ಸೊಂಟದ ಕಂಬಿಯನ್ನು ಎಳೆಯುತ್ತಿತ್ತು. ಎಳೆದರು, ಮತ್ತೆ ಎಳೆದರು. ಅದು ಮೊದಲೇ ಕೆಳಗಿತ್ತು. ಆ ಕ್ಷಣದಲ್ಲಿ ಅವಳಿಗೆ ತನ್ನ ಕೈ ದಡದಲ್ಲಿ ಮಾಡಿದ್ದು ಬೆಳಕಿನಷ್ಟು ಸ್ಪಷ್ಟವಾಗಿ ನೆನಪಾಯಿತು. ಭಾವ ಅಂಗೈಯನ್ನು ಗಂಟಲ ಮುಂದೆ ಅಡ್ಡಡ್ಡ ಆಡಿಸಿದರು. ಗಾಳಿ ಇಲ್ಲ.

ನನಗೆ ದಡದಿಂದ ಕಂಡದ್ದು ಇಷ್ಟೇ: ಎರಡು ಸಾಲುಗಳು ಒಂದಾದವು. ಮೇಷ್ಟ್ರು ಎದ್ದು ನಿಂತರು; ಆ ಆಮೆ ಅಷ್ಟು ಬೇಗ ಎದ್ದದ್ದನ್ನು ನಾನು ಅದುವರೆಗೆ ಕಂಡಿರಲಿಲ್ಲ. ಗುಳ್ಳೆಗಳು ಎರಡು ಸಲ ಗುಂಪಾಗಿ ಏಳುವವು, ಬಿಡುವು, ಮತ್ತೆ ಎರಡು ಸಲ. ಪಕ್ಕದಲ್ಲಿ ಸಾಸಿವೆಯಷ್ಟು ಚಿಕ್ಕ ಗುಳ್ಳೆಗಳ ಒಂದು ಎಳೆ ಕಡಿಯದೆ ಬರುತ್ತಿತ್ತು. "ಕಾಯ್ತಿದಾರೆ," ಎಂದು ಮೇಷ್ಟ್ರು ಪಿಸುಗುಟ್ಟಿದರು. "ಪುಣ್ಯಾತ್ಗಿತ್ತಿ, ಕಾಯ್ತಿದಾರೆ." ಕೊಳವೆಯನ್ನು ಗಂಡನ ಬಾಯಿಗಿಟ್ಟು, ತನ್ನೆದೆಯಲ್ಲಿದ್ದದ್ದನ್ನು ತುಟಿಯ ಸಂದಿನಿಂದ ಕೊಂಚಕೊಂಚವೇ ಬಿಡುತ್ತ, ಅವರ ಎರಡನೆಯ ಉಸಿರು ಪೂರ್ತಿಯಾಗುವವರೆಗೆ ಅವಳು ಕೈ ಚಾಚದೆ ನಿಂತಳು. ಒಂದು ಸಲ ಭಾವನಿಗೆ ನೀರು ನುಗ್ಗಿ ಕೆಮ್ಮು ಬಂತು. ಅವರಿಗೆ ಮೂರನೆಯ ಉಸಿರನ್ನೂ ಬಿಟ್ಟುಕೊಟ್ಟಳು. ಹಾಗೆ ಅವರಿಬ್ಬರೂ ಪಟ್ಟಿ ಹಿಡಿದುಕೊಂಡು, ಹಸಿರಿನಿಂದ ಬೆಳಕಿಗೆ, ಆಮೆಯ ವೇಗದಲ್ಲಿ ಬಂದರು.

ದಡದಲ್ಲಿ ಮೇಷ್ಟ್ರು ಮೊದಲು ನೋಡಿದ್ದು ಕಂಬಿಯನ್ನು. "ಇದನ್ನ ಯಾರು ಎಳೆದದ್ದು?"

"ಇಳಿಯುವಾಗ ನಾನೇ ಎಲ್ಲೋ ತಾಗಿಸ್ಕೊಂಡಿರ್ಬೇಕು," ಎಂದರು ಭಾವ.

"ಸುಳ್ಳು ಮೇಷ್ಟ್ರೇ. ನಾನೇ ಎಳ್ದಿದ್ದು. ಈ ಹಾಳು ಕೈ." ಅಕ್ಕ ಕೈಗಳನ್ನು ಮುಂದೆ ಚಾಚಿ ಹಿಡಿದಿದ್ದಳು. ಆಮೇಲೆ ಅತ್ತಳು, ಗಂಡಸರು ನೋಡುತ್ತಿದ್ದಾರೆಂಬ ಎಗ್ಗಿಲ್ಲದೆ, ದೊಡ್ಡ ದನಿಯಲ್ಲಿ. "ಇನ್ನು ಇಳಿಯಲ್ಲ ರೀ. ನಿಮ್ಮನ್ನ ಕೊಂದೇಬಿಡ್ತಿದ್ದೆ."

ಭಾವ ಅವಳ ಮಾತು ಪೂರ್ತಿ ಮುಗಿಯಲಿ ಎಂದು ಕಾದರು. "ನೀನಿಲ್ದೆ ನಾನೂ ಇಳಿಯೋ ಹಾಗಿಲ್ವಲ್ಲ," ಎಂದರು. "ಆ ಮೀನು ನೋಡಿದ್ಯಾ?"

ನೋಡಿದೆ ಎಂದು ಅಳುತ್ತಲೇ ತಲೆಯಾಡಿಸಿದಳು.

ಹೋಟೆಲಿನ ಗೋಡೆ ಈಗಲೂ ಖಾಲಿಯಿದೆಯಂತೆ. ಅವರಿಬ್ಬರೂ ಇಳಿಯುತ್ತಾರೆ. ಪರೀಕ್ಷೆ ಮುಗಿದ ಮೇಲೆ ಯಾರೂ ಯಾರನ್ನೂ ಮುಟ್ಟಕೂಡದೆಂದು ಮೇಷ್ಟ್ರು ಎರಡನೆಯ ನಿಯಮ ಮಾಡಿದ್ದಾರೆ; ನೀರಿಗಿಳಿಯುವವರೆಗೆ ಅಕ್ಕ ಎರಡೂ ಕೈಗಳನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ನಡೆಯುತ್ತಾಳೆ. ಅವಳ ಸ್ವಭಾವ ಬದಲಾಯಿತು ಎಂದು ಬರೆದರೆ ಲಾಂಡ್ರಿಯ ಗಿರಾಕಿಗಳು ನನ್ನನ್ನು ನಂಬುವುದಿಲ್ಲ.

ಚಡಪಡಿಸುವ ಜನರನ್ನು ನಾವು ತಾಳ್ಮೆಯಿಲ್ಲದವರೆಂದು ಹಗುರವಾಗಿ ತೂಗಿಬಿಡುತ್ತೇವೆ. ಪಕ್ಕದಲ್ಲಿರುವವರ ಒಂದು ಸುಕ್ಕನ್ನೂ ಸಹಿಸಲಾರದ ಜೀವಗಳು ಅವು. ಆ ಅಸಹನೆಯಿಂದಲೇ ಕೆಡಿಸುತ್ತಾರೆ, ಆ ಅಸಹನೆಯಿಂದಲೇ ಯಾರೂ ಹೋಗದಲ್ಲಿಗೆ ಹಿಂಬಾಲಿಸಿ ಹೋಗುತ್ತಾರೆ. ಅವರ ತಪ್ಪುಗಳು ದೊಡ್ಡವು, ಏಕೆಂದರೆ ಅವರು ಹತ್ತಿರದಲ್ಲಿರುತ್ತಾರೆ. ಟವೆಲ್ಲು ಹಿಡಿದು ದಡದಲ್ಲಿ ನೆಮ್ಮದಿಯಾಗಿ ಕೂರುವ ನಮ್ಮಂಥವರಿಂದ ಯಾರ ಗಾಳಿಯೂ ನಿಲ್ಲುವುದಿಲ್ಲ. ಯಾರಿಗೂ ಗಾಳಿ ಸಿಗುವುದೂ ಇಲ್ಲ.