ಬಾಯಲ್ಲಿನ ದಾರ

ವಿಮಾನ ನಿಲ್ದಾಣದಿಂದ ಮನೆಗೆ ಬರುವ ದಾರಿಯಲ್ಲೇ ಭಾವ ಪಾಠ ಶುರು ಮಾಡಿದ.

"ಯಾರಾದ್ರೂ ಎಲ್ಲಿಯವಳು ಅಂತ ಕೇಳಿದ್ರೆ ಪಕ್ಕದ ದೇಶ ಅಂತ ಹೇಳು."

"ಯಾರ ಪಕ್ಕದ್ದು?"

"ನಮ್ಮ ಪಕ್ಕದ್ದು. ಇನ್ಯಾರದ್ದು?"

"ನಾನು ಆ ಕಡೆ ಕಾಲೇ ಇಟ್ಟಿಲ್ವಲ್ಲ ಭಾವ."

"ಕೇಳೋರೂ ಇಟ್ಟಿಲ್ಲ. ಧೈರ್ಯವಾಗಿ ಹೇಳು."

ಹಿಂದಿನ ಸೀಟಿನಲ್ಲಿ ಅಕ್ಕನಿಗೆ ಅಂಟಿಕೊಂಡು ಕೂತಿದ್ದ ಕಡ್ಡಿಗೆ ನಗು ತಡೆಯಲಾಗಲಿಲ್ಲ. ಅಕ್ಕ ನಗಲಿಲ್ಲ. ಕಿಟಕಿಯ ಗಾಜಿನ ಮೇಲೆ ಬೆರಳಾಡಿಸುತ್ತಾ ಕೂತಿದ್ದಳು. ಕಡ್ಡಿ ಎಂಬುದು ಮನೆಯವರು ಇಟ್ಟ ಹೆಸರು. ಮೈಯೂ ಹಾಗೇ ಇತ್ತು, ಮಾತೂ ಕಡ್ಡಿ ತುಂಡು ಮಾಡಿದ ಹಾಗೇ ಇತ್ತು. ಶಾಲೆಯ ಹೆಸರು ಶಾಲೆಯಲ್ಲೇ ಉಳಿದುಹೋಗಿತ್ತು.

ಅಕ್ಕ ಭಾವ ಈ ಊರಿನಲ್ಲಿ ಪಾರ್ಲರ್ ನಡೆಸುತ್ತಿದ್ದರು. ಅಕ್ಕನೊಬ್ಬಳ ಕೈಗೆ ಕೆಲಸ ನಿಭಾಯಿಸಲಾಗದೆ ತಂಗಿಯನ್ನು ಕರೆಸಿಕೊಂಡಿದ್ದರು. ಹುಬ್ಬು ತಿದ್ದುವ ಕೆಲಸವನ್ನು ಕಡ್ಡಿಗೆ ಕಲಿಸಿದವಳು ಅಕ್ಕನೇ. ಮದುವೆಗೆ ಮುಂಚೆ ಹಿತ್ತಲ ಮೆಟ್ಟಿಲ ಮೇಲೆ ಕೂರಿಸಿಕೊಂಡು, ತನ್ನ ತೊಡೆಯ ಮೇಲಿನ ರೋಮವನ್ನೇ ಅಭ್ಯಾಸಕ್ಕೆ ಕೊಟ್ಟು ಕಲಿಸಿದ್ದಳು. ಕಡ್ಡಿ ಎರಡು ಸಲ ಚರ್ಮ ಕಿತ್ತಿದ್ದಳು, ಅಕ್ಕ ಎರಡು ಸಲ ತಲೆಗೆ ಮೊಟಕಿದ್ದಳು. ಈ ಊರಿನ ಭಾಷೆಯನ್ನು ಮಾತ್ರ ಕಡ್ಡಿ ತಾನಾಗಿಯೇ ಸಂಜೆ ತರಗತಿಗೆ ಹೋಗಿ ಕಲಿತು ಬಂದಿದ್ದಳು. ಕಲಿತ ಭಾಷೆಯಲ್ಲಿ ಮೊದಲು ಹೇಳಬೇಕಾದ ಮಾತೇ ಸುಳ್ಳು ಅಂತ ಅವಳಿಗೆ ಯಾರೂ ಹೇಳಿರಲಿಲ್ಲ.

ಮನೆ ತಲುಪಿ ಅಕ್ಕ ಕೋಟು ಬಿಚ್ಚಿದಾಗ ಕಡ್ಡಿಯ ಕಣ್ಣು ಅವಳ ಕತ್ತಿನ ಮೇಲೆ ಬಿತ್ತು. ಹಿಂಬದಿಯಿಂದ ಎರಡೂ ಪಕ್ಕಕ್ಕೆ ಹಬ್ಬಿದ ಒಂದು ಕಪ್ಪು ಗೆರೆ.

"ಇದೇನೇ? ನೇಣು ಹಾಕ್ಕೊಂಡು ಇಳಿದು ಬಂದ್ಯಾ?"

"ದಾರದ್ದು," ಎಂದಳು ಅಕ್ಕ. "ಈಗ ಕತ್ತಿಗೆ ಹಾಕ್ಕೊಂಡು ಮಾಡ್ತೀನಿ."

ಕಡ್ಡಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಅವರ ದೇಶದಲ್ಲಿ ಹುಬ್ಬು ತಿದ್ದುವವರು ದಾರದ ಒಂದು ತುದಿಯನ್ನು ಹಲ್ಲಲ್ಲಿ ಕಚ್ಚಿ ಹಿಡಿಯುತ್ತಾರೆ. ಉಳಿದದ್ದನ್ನು ಎರಡು ಕೈಯಲ್ಲಿ ತಿರುಚಿ, ತಲೆಯನ್ನು ಒಂಚೂರು ಹಿಂದಕ್ಕೆಳೆದರೆ ಸಾಕು, ಆ ತಿರುಚು ಓಡಿ ಕೂದಲನ್ನು ಕಿತ್ತುಕೊಂಡು ಬರುತ್ತದೆ. ಪಕ್ಕದ ದೇಶದವರು ಅದೇ ದಾರವನ್ನು ಕತ್ತಿಗೆ ಹಾಕಿಕೊಂಡು ಮೈಯನ್ನೆಲ್ಲ ಹಿಂದಕ್ಕೆ ವಾಲಿಸುತ್ತಾರೆ. ಇಬ್ಬರ ಮುಖ ಒಂದೇ, ಮಾತೂ ಹೆಚ್ಚು ಕಡಿಮೆ ಒಂದೇ. ಈ ಊರಿನವರಿಗೆ ಗೊತ್ತಿದ್ದ ವ್ಯತ್ಯಾಸ ಇದೊಂದೇ. ಯಾಕೆಂದರೆ ರೈಲು ನಿಲ್ದಾಣದ ಹಿಂದಿನ ಬೀದಿಯಲ್ಲಿ ಕಡ್ಡಿಯ ದೇಶದ ಹೆಂಗಸರು ಸಾಲಾಗಿ ಕುರ್ಚಿ ಹಾಕಿಕೊಂಡು, ದಾರ ಕಚ್ಚಿಕೊಂಡು ಕೂರುತ್ತಿದ್ದರು.

ಭಾವ ಹೆದರಿದ್ದಕ್ಕೆ ಕಾರಣವಿತ್ತು. ಈ ದೇಶದ ಸರ್ಕಾರಕ್ಕೂ ಅವರ ದೇಶದ ಸರ್ಕಾರಕ್ಕೂ ನಡುವೆ ಕೆಟ್ಟು ಕೂತಿತ್ತು. ಟೀವಿಯಲ್ಲಿ ದಿನಾ ಅದೇ ಸುದ್ದಿ. ಹಾಗಿರುವಾಗ ಒಂದು ಸಂಜೆ ಯಾರೋ ಅಂಗಡಿಯ ಗಾಜಿಗೆ ಕಲ್ಲು ಎಸೆದಿದ್ದರು. ಒಂದು ಚೂರು ಅಕ್ಕನ ಪಾದಕ್ಕೆ ಹೊಕ್ಕಿತ್ತು. ಭಾವ ಗಾಜು ಗುಡಿಸಿದ, ಆ ಬೀದಿಯ ಅಂಗಡಿಯನ್ನೇ ಬಿಟ್ಟ, ಊರಿನ ಇನ್ನೊಂದು ತುದಿಯಲ್ಲಿ ಬೇರೆ ಅಂಗಡಿ ಹಿಡಿದ. ತಮ್ಮೂರಿನ ಹೆಸರಿದ್ದ ಹಳೇ ಬೋರ್ಡನ್ನು ಮಂಚದ ಕೆಳಗೆ ತಳ್ಳಿದ. ಹೊಸ ಅಂಗಡಿಗೆ ಪಕ್ಕದ ದೇಶದ ಊರೊಂದರ ಹೆಸರಿಟ್ಟ. ಅಕ್ಕನ ದಾರ ಬಾಯಿಂದ ಕತ್ತಿಗೆ ಬಂದದ್ದೂ ಆಗಲೇ.

ಪಾಠ ಅಷ್ಟಕ್ಕೇ ಮುಗಿಯಲಿಲ್ಲ. ಬಸ್ಸಿನಲ್ಲಿ ಜೋರಾಗಿ ಮಾತಾಡಬಾರದು. ಬೂದು ಬಣ್ಣದ ಕೋಟು ಹಾಕಬೇಕು. ಮನೆಯಿಂದ ಫೋನ್ ಬಂದರೆ ಹೊರಗಡೆ ನಮ್ಮ ಭಾಷೆ ಬೇಡ. ಊರಿಂದ ಅಮ್ಮ ಫೋನ್ ಮಾಡಿದಾಗೆಲ್ಲ ಬಸ್ಸಿನಲ್ಲಿ ಅಕ್ಕ ಫೋನನ್ನು ಕೆನ್ನೆಗೊತ್ತಿ ಹೂಂ, ಹೂಂ ಅನ್ನುತ್ತಿದ್ದಳು. ಅಮ್ಮ ಆಮೇಲೆ ಕಡ್ಡಿಗೆ ಫೋನ್ ಮಾಡಿ ಕೇಳುತ್ತಿದ್ದಳು: "ಅವಳು ಹೂಂಗುಟ್ಟೋದು ಬಿಟ್ರೆ ಬಾಯೇ ಬಿಡಲ್ವಲ್ಲೇ. ಗಂಡ ಏನಾದ್ರೂ ಹೊಡೀತಾನಾ?"

"ಹೊಡೆದಿದ್ರೆ ನಾನು ಸುಮ್ನಿರ್ತಿದ್ನಾ? ಅದಲ್ಲ ಬಿಡು," ಅನ್ನುತ್ತಿದ್ದಳು ಕಡ್ಡಿ. ಹೊಡೆಯುವ ಗಂಡನ ಬಗ್ಗೆ ಅಮ್ಮನಿಗೆ ಹೇಳುವುದು ಸುಲಭ. ಇದನ್ನು ಹೇಗೆ ಹೇಳುವುದು?

ಕಡ್ಡಿಯೂ ಕತ್ತಿಗೆ ದಾರ ಹಾಕಿಕೊಂಡು ನೋಡಿದಳು. ಬಲಗೈಯಲ್ಲಿ ಬರೆಯುವವರ ಕೈಗೆ ಎಡಗೈಯಲ್ಲಿ ಬರಿ ಅಂದ ಹಾಗಾಯಿತು. ಒಬ್ಬ ಟೀಚರಮ್ಮನ ಕಣ್ಣಿನ ರೆಪ್ಪೆಯ ಚರ್ಮ ದಾರಕ್ಕೆ ಸಿಕ್ಕಿ ರಕ್ತದ ಚುಕ್ಕೆ ಮೂಡಿತು. ಟೀಚರಮ್ಮ ಹತ್ತಿ ಒತ್ತಿಕೊಂಡು ಹೋದಳು. ಆ ದಿನದಿಂದ ಭಾವ ಇಲ್ಲದಾಗ ಕಡ್ಡಿ ಪರದೆ ಎಳೆದುಕೊಂಡು ಹಲ್ಲಲ್ಲೇ ಕಚ್ಚಿ ಕೆಲಸ ಮಾಡತೊಡಗಿದಳು. ಗಿರಾಕಿಗಳು ಕಣ್ಣು ಮುಚ್ಚಿರುತ್ತಿದ್ದರು, ಯಾರಿಗೂ ಗೊತ್ತಾಗುತ್ತಿರಲಿಲ್ಲ. ಅಕ್ಕನಿಗೆ ಗೊತ್ತಿತ್ತು. ಪರದೆಯಾಚೆಯಿಂದ ದಾರದ ಸರಸರ ಕೇಳಿದರೆ ಸಾಕು, ಅಕ್ಕನ ಕೈ ಅರೆಗಳಿಗೆ ನಿಲ್ಲುತ್ತಿತ್ತು.

ಕಟ್ಟಡದ ಮಾಲಕಿ ಬಂದ ದಿನ ಪರದೆ ಒಗೆಯಲು ಹೋಗಿತ್ತು.

ಮಾಲಕಿ ಕೆಟ್ಟವಳೇನಲ್ಲ. ಅಂಗಡಿಯ ಕಿಟಕಿಯಲ್ಲಿದ್ದ ಹೂವಿನ ಕುಂಡ ಅವಳೇ ತಂದಿಟ್ಟದ್ದು. ಅಂಗಡಿಯ ಕರಾರು ಆ ತಿಂಗಳು ಮುಗಿಯುವುದರಲ್ಲಿತ್ತು. ಮುಂದುವರಿಸುವುದೂ ಬಿಡುವುದೂ ಅವಳ ಕೈಯಲ್ಲಿತ್ತು. ಹಾಗಾಗಿ ಅವಳು ಬಾಗಿಲಲ್ಲಿ ಕಾಣಿಸಿಕೊಂಡದ್ದೇ ಭಾವ ಎದ್ದು ನಿಂತು ಕುರ್ಚಿ ಒರೆಸಿದ. ಒರೆಸಿದ ಕುರ್ಚಿಯನ್ನೇ ಮತ್ತೊಮ್ಮೆ ಒರೆಸಿದ.

ಅಕ್ಕ ಇನ್ನೊಬ್ಬಳ ತಲೆಗೆ ಬಣ್ಣ ಹಚ್ಚುತ್ತಿದ್ದಳು, ಕೈಗವಸಿಗೆ ಮೊಣಕೈವರೆಗೂ ಬಣ್ಣ ಮೆತ್ತಿತ್ತು. "ತಂಗಿ ಮಾಡಲಿ ಬಿಡು, ನನಗೆ ಹೊತ್ತಾಗತ್ತೆ," ಎಂದು ಮಾಲಕಿ ತಲೆ ಹಿಂದಕ್ಕೊರಗಿಸಿ ಕಣ್ಣು ಮುಚ್ಚಿದಳು. ಭಾವ ಕಡ್ಡಿಗೆ ಕತ್ತು ತೋರಿಸಿ ಸನ್ನೆ ಮಾಡಿದ. ಕಡ್ಡಿ ಮಾಲಕಿಯ ರೆಪ್ಪೆ ನೋಡಿದಳು. ಈರುಳ್ಳಿ ಸಿಪ್ಪೆಯಷ್ಟು ತೆಳು. ಟೀಚರಮ್ಮನ ರಕ್ತದ ಚುಕ್ಕೆ ನೆನಪಾಯಿತು. ದಾರ ಕಚ್ಚಿದಳು.

ಎಡಹುಬ್ಬು ಮುಗಿಯಿತು. ಕನ್ನಡಿ ಹಿಡಿದು ನೋಡಿಕೊಂಡ ಮಾಲಕಿಯ ಮುಖ ಅರಳಿತು. "ನಿಮ್ಮಕ್ಕನಿಗಿಂತ ನಿನ್ನ ಕೈ ಹಗುರ." ಬಲಹುಬ್ಬಿಗೆ ಕಡ್ಡಿ ಹೊಸ ದಾರ ಕಚ್ಚಿ ಬಾಗುವಾಗ ಅವಳು ಕಣ್ಣು ಬಿಟ್ಟೇ ಇದ್ದಳು.

"ಏನಿದು? ಬಾಯಲ್ಲಿ ಇಟ್ಕೊಂಡಿದ್ದೀಯಾ?" ಅವಳು ಕುರ್ಚಿಯಲ್ಲಿ ನೆಟ್ಟಗಾದಳು. "ಸ್ಟೇಷನ್ ಹಿಂದೆ ಕೂರೋರ ಥರ! ಎಂಜಲು ದಾರಾನ ನನ್ನ ಮುಖಕ್ಕಾ ಹಚ್ಚೋದು?"

ಭಾವ ಓಡಿಬಂದ. "ತಪ್ಪಾಯ್ತು ಮೇಡಂ. ಇವಳಿಗೆ ಕೆಲಸ ಕಲಿಸಿದವಳು ಆ ದೇಶದ ಹೆಂಗಸು. ಅಲ್ಲಿಂದ ಬಂದ ಕೊಳಕು ಚಾಳಿ. ನಮ್ಮವರು ಹೀಗೆಲ್ಲ ಮಾಡೋರಲ್ಲ."

ಕಲಿಸಿದವಳು ಪಕ್ಕದ ಕುರ್ಚಿಯ ಹಿಂದೆ, ಬಣ್ಣದ ಬಟ್ಟಲು ಹಿಡಿದುಕೊಂಡು ನಿಂತಿದ್ದಳು. ತಲೆ ಎತ್ತಲಿಲ್ಲ. ಬ್ರಶ್ಶು ಮಾತ್ರ ಗಿರಾಕಿಯ ಕಿವಿಯ ಮೇಲೆ ಒಂದು ಗೆರೆ ಎಳೆಯಿತು.

"ಅದನ್ನೇ ನಾನು ಹೇಳೋದು," ಎಂದಳು ಮಾಲಕಿ, ಕೊಂಚ ಸಮಾಧಾನವಾಗಿ. "ನೀವು ಒಳ್ಳೆ ಜನ. ಅವರ ಸಹವಾಸ ಮಾಡಬೇಡಿ. ಆ ದೇಶದವರೇ ಕೊಳಕು. ಅಲ್ವೇನಮ್ಮ?"

ಕೇಳಿದ್ದು ಕಡ್ಡಿಯನ್ನು. ಹಲ್ಲಲ್ಲಿ ದಾರ ಇರುವವರಿಗೆ ಆಡಲು ಬರುವುದು ಒಂದೇ ಮಾತು, ಹೂಂ. ಭಾವ ಅದಕ್ಕೇ ಕಾಯುತ್ತಿದ್ದ. ಮಾಲಕಿಯೂ ಕಾಯುತ್ತಿದ್ದಳು.

ಕಡ್ಡಿ ಬಾಯಿ ತೆರೆದಳು. ದಾರ ಮಾಲಕಿಯ ಮಡಿಲಿಗೆ ಬಿತ್ತು.

"ನಾನು ಆ ದೇಶದವಳೇ."

"ತಮಾಷೆ ಮಾಡ್ತಾಳೆ ಮೇಡಂ..."

"ತಮಾಷೆ ಅಲ್ಲ ಭಾವ. ಮೇಡಂ, ಕಚ್ಚಿದ ತುದಿ ನಿಮ್ಮ ಮುಖಕ್ಕೆ ತಾಗಲ್ಲ, ಕತ್ತರಿಸಿ ಎಸೀತೀನಿ. ಇದು ನಮ್ಮ ಕೆಲಸದ ರೀತಿ. ಇನ್ನೊಂದು ಹುಬ್ಬು ಬಾಕಿ ಇದೆ. ಬೇಕಿದ್ರೆ ಕೂತ್ಕೊಳ್ಳಿ. ಬೇಡವಾ, ಹೀಗೇ ಹೋಗಿ."

ಮಾಲಕಿ ಹೀಗೇ ಹೋದಳು. ಒಂದು ಹುಬ್ಬು ಎಳೆದ ಗೆರೆಯ ಹಾಗೆ, ಇನ್ನೊಂದು ಕಂಬಳಿಹುಳದ ಹಾಗೆ. ಹೊಸಿಲು ದಾಟುವಾಗ ಹಣೆಗೆ ಅಡ್ಡ ಹಿಡಿದ ಕೈ ನೋಡಿದರೆ ಯಾರಿಗೋ ಸಲಾಮು ಹೊಡೆಯುತ್ತಿರುವಂತಿತ್ತು.

ಬಾಗಿಲು ಮುಚ್ಚಿಕೊಂಡ ಮೇಲೆ ಭಾವ ತಮ್ಮ ಭಾಷೆಯಲ್ಲಿ ಕೂಗಿದ. ಅಂಗಡಿಯೊಳಗೆ ಆ ಭಾಷೆ ಅಷ್ಟು ಜೋರಾಗಿ ಕೇಳಿದ್ದು ಅದೇ ಮೊದಲು.

"ಏನು ಸಾಧಿಸಿದೆ? ಹೇಳು, ಏನು ಸಾಧಿಸಿದೆ? ನಿನಗೇನು, ಗಂಟು ಕಟ್ಟಿ ವಿಮಾನ ಹತ್ತಿದ್ರೆ ಮುಗೀತು. ನಾಳೆ ಈ ಬಾಗಿಲು ತೆಗೆಯೋನು ನಾನು. ಕಲ್ಲು ಬಿದ್ರೆ ಗುಡಿಸೋನು ನಾನು. ನಿಮ್ಮಕ್ಕನ ಕಾಲಿಂದ ಗಾಜು ಕಿತ್ತೋನು ನಾನು ಕಣೇ!"

ಅವನು ಹೇಳಿದ್ದರಲ್ಲಿ ಸುಳ್ಳಿರಲಿಲ್ಲ.

"ದೇಶಕ್ಕೋಸ್ಕರ ಹೇಳ್ಲಿಲ್ಲ ಭಾವ," ಎಂದಳು ಕಡ್ಡಿ. "ನಮ್ಮ ಸರ್ಕಾರಾನ ನೀವು ಬೈದಿದ್ರೆ ನಾನೂ ಎರಡು ಸೇರಿಸಿ ಬೈತಿದ್ದೆ. ಕಲ್ಲಿಗೆ ಹೆದರಿ ಬೋರ್ಡು ಬದಲಾಯಿಸಿದ್ರಿ, ಅದೂ ಸರಿ. ಆದ್ರೆ ನನಗೆ ಕಲಿಸಿದ್ದು ಯಾರು? ಎದುರಿಗೇ ನಿಂತಿದ್ಲು. ಕೊಳಕು ಹೆಂಗಸು ಅಂದ್ರಿ. ಕಲ್ಲು ಎಸೆದೋನಾದ್ರೂ ಹೊರಗಿನವನು."

ಭಾವ ಹೆಂಡತಿಯ ಕಡೆ ತಿರುಗಿದ. "ನಾನು ನಿನ್ನ ಅಂದೆನಾ? ನೀನೇ ಹೇಳು, ನಿನ್ನ ಅಂದೆನಾ?"

ಅಕ್ಕ ಬ್ರಶ್ಶನ್ನು ಬಣ್ಣದ ಬಟ್ಟಲಿಗೆ ಹಾಕಿದಳು.

"ನನ್ನ ತಲೆ..." ಎಂದಳು ಬಣ್ಣ ಹಚ್ಚಿಸಿಕೊಳ್ಳುತ್ತಿದ್ದ ಗಿರಾಕಿ, ಭಾಷೆ ತಿಳಿಯದೆ ಮೂವರ ಮುಖವನ್ನೂ ನೋಡುತ್ತಾ. "ನನ್ನ ತಲೆ ಉರೀತಿದೆ."

ಅಕ್ಕ ಅವಳ ತಲೆ ತೊಳೆದಳು, ಒಣಗಿಸಿದಳು, ಕಿವಿಯ ಮೇಲಿನ ಗೆರೆ ಒರೆಸಿ ಕಳಿಸಿದಳು. ಸಂಜೆಯವರೆಗೆ ಭಾವ ಒಂದು ಸಲ ಮಾತ್ರ ಬಾಯಿ ಬಿಟ್ಟ. "ನಾಳೆ ಹೋಗಿ ಕಾಲು ಹಿಡೀತೀನಿ. ನೀನೂ ಬರಬೇಕು," ಎಂದ ಕಡ್ಡಿಗೆ.

"ಬರ್ತೀನಿ. ಕಾಲು ಹಿಡಿಯೋಕಲ್ಲ."

ಹೋಗುವ ಅಗತ್ಯ ಬೀಳಲಿಲ್ಲ. ಬಾಗಿಲು ಹಾಕುವ ಹೊತ್ತಿಗೆ ಮಾಲಕಿಯೇ ಬಂದಳು, ತಲೆಗೆ ಕಟ್ಟಿದ ಬಟ್ಟೆಯನ್ನು ಕಣ್ಣಿನವರೆಗೆ ಎಳೆದುಕೊಂಡು. ಊರಿನ ಆ ತುದಿಯಲ್ಲಿ ದಾರದ ಕೆಲಸ ಬಲ್ಲವರು ಬೇರೆ ಯಾರೂ ಇರಲಿಲ್ಲ. ಇದ್ದವರೆಲ್ಲ ಸ್ಟೇಷನ್ನಿನ ಹಿಂದೆ.

"ಇದನ್ನು ಮುಗಿಸಿ," ಎಂದಳು, ಕಡ್ಡಿಯ ಕಡೆ ನೋಡದೆ. "ಇವಳು ಬೇಡ. ನೀನು ಬಾ," ಎಂದು ಅಕ್ಕನಿಗೆ ಬೆರಳು ತೋರಿಸಿದಳು. ಭಾವನ ಮುಖಕ್ಕೆ ಜೀವ ಬಂತು. ಕುರ್ಚಿ ಒರೆಸಲು ಬಟ್ಟೆ ಹುಡುಕಿದ.

ಅಕ್ಕ ಕೈ ತೊಳೆದು ಬಂದಳು. ಉಂಡೆಯಿಂದ ದಾರ ಎಳೆದಳು. ಕಡ್ಡಿ ಗೋಡೆಗೊರಗಿ ನಿಂತು ಅಕ್ಕನ ಕತ್ತಿನ ಗೆರೆಯನ್ನೇ ನೋಡುತ್ತಿದ್ದಳು. ದಾರ ಆ ಗೆರೆಯವರೆಗೆ ಹೋಗಲಿಲ್ಲ. ಅಕ್ಕ ತುದಿಯನ್ನು ಹಲ್ಲಲ್ಲಿ ಕಚ್ಚಿದಳು. ಎಷ್ಟೋ ದಿನದಿಂದ ಬೀಗ ಹಾಕಿದ್ದ ಮನೆಯ ಬಾಗಿಲಿಗೆ ಬೀಗದಕೈ ಸಲೀಸಾಗಿ ತಿರುಗಿದ ಹಾಗೆ, ಅವಳ ಎರಡೂ ಕೈ ತಾವಾಗಿಯೇ ದಾರ ತಿರುಚಿಕೊಂಡವು.

ಮಾಲಕಿ ಅವಳ ಬಾಯಿ ನೋಡಿದಳು.

"ನೀನೂನಾ?"

"ಹೂಂ," ಎಂದಳು ಅಕ್ಕ, ಹಲ್ಲು ಸಡಿಲಿಸದೆ.

"ಇವನು?"

"ಹೂಂ."

ಭಾವ ಬಟ್ಟೆ ಹಿಡಿದುಕೊಂಡು ನಿಂತಲ್ಲೇ ನಿಂತ.

ಮಾಲಕಿ ಏಳಲಿಲ್ಲ. ಅರ್ಧ ಮುಖ ಹೊತ್ತುಕೊಂಡು ಮತ್ತೊಮ್ಮೆ ಬೀದಿಗಿಳಿಯುವ ಮನಸ್ಸು ಅವಳಿಗಿರಲಿಲ್ಲ. ಕಣ್ಣು ಮುಚ್ಚಿದಳು. ಅಕ್ಕ ಹುಬ್ಬು ತಿದ್ದಿದಳು. ಮೊದಲನೆಯದಕ್ಕೆ ಸರಿಯಾಗಿ, ಕೂದಲೆಳೆ ಆಚೀಚೆಯಾಗದಂತೆ. ಕೆಡಿಸಬಹುದಿತ್ತು, ಕೆಡಿಸಲಿಲ್ಲ. ಮಾಲಕಿ ಕನ್ನಡಿಯಲ್ಲಿ ಬಹಳ ಹೊತ್ತು ನೋಡಿಕೊಂಡಳು.

"ಕೆಲಸ ಚೆನ್ನಾಗಿದೆ," ಎಂದಳು. "ತಿಂಗಳ ಕೊನೆಗೆ ಅಂಗಡಿ ಖಾಲಿ ಮಾಡಿ. ಸುಳ್ಳು ಹೇಳಿದೋರಿಗೆ ನಾನು ಜಾಗ ಕೊಡಲ್ಲ."

"ನಿಜ ಹೇಳಿದ್ರೆ ಕೊಡ್ತಿದ್ರಾ?" ಎಂದಳು ಕಡ್ಡಿ ಗೋಡೆಯ ಕಡೆಯಿಂದ.

ಮಾಲಕಿ ಎದ್ದಳು. ಹೋಗುವಾಗ ಕಿಟಕಿಯಲ್ಲಿದ್ದ ಹೂವಿನ ಕುಂಡವನ್ನು ಎತ್ತಿಕೊಂಡು ಹೋದಳು.

ಭಾವ ಗಿರಾಕಿಯ ಕುರ್ಚಿಯಲ್ಲಿ ಕುಸಿದು ಕೂತ. "ಹೋಯ್ತು. ಇನ್ನೇನು, ಸ್ಟೇಷನ್ ಹಿಂದೆ ಅವರ ಜೊತೆ ಕುರ್ಚಿ ಹಾಕ್ಕೊಂಡು ಕೂರೋದು."

"ಅವರು ಅಂದ್ರೆ ಯಾರು?" ಎಂದಳು ಅಕ್ಕ. ಕಚ್ಚಿದ ತುದಿಯನ್ನು ಕತ್ತರಿಸಿ ಬುಟ್ಟಿಗೆ ಎಸೆದಳು. "ಜಾಗ ಇದ್ರೆ ಕೂರೋಣ. ಮಂಚದ ಕೆಳಗಿರೋ ಬೋರ್ಡಿನ ಧೂಳು ಒರೆಸಿ ಸಾಕು, ಹೊಸದು ಬರೆಸೋದು ಬೇಡ."

ಮೂವರೂ ಬಸ್ಸು ಹತ್ತಿದಾಗ ಕೆಲಸ ಮುಗಿಸಿ ಹೋಗುವ ಜನ ಕಿಕ್ಕಿರಿದಿದ್ದರು. ಎರಡು ನಿಲ್ದಾಣ ದಾಟುವಷ್ಟರಲ್ಲಿ ಅಕ್ಕನ ಫೋನು ಬಡಿದುಕೊಂಡಿತು. ಅಮ್ಮ. ಭಾವ ಅಭ್ಯಾಸಬಲದಿಂದ ತುಟಿಯ ಮೇಲೆ ಬೆರಳಿಟ್ಟ. ಅಕ್ಕ ಅವನ ಬೆರಳು ನೋಡಿದಳು, ಫೋನು ಎತ್ತಿದಳು.

"ಹೇಳಮ್ಮ! ಊಟ ಆಯ್ತಾ? ಮಂಡಿನೋವು ಹೇಗಿದೆ? ಇವತ್ತು ಇಲ್ಲಿ ಏನಾಯ್ತು ಗೊತ್ತಾ? ಹಿತ್ತಲ ಮೆಟ್ಟಿಲ ಮೇಲೆ ಇವಳಿಗೆ ದಾರ ಹಿಡಿಯೋದು ಕಲಿಸಿದ್ನಲ್ಲ, ತೊಡೆ ಚರ್ಮ ಕಿತ್ತಿದ್ಲಲ್ಲ..."

ಮುಂದಿನ ಸೀಟಿನ ಇಬ್ಬರು ತಿರುಗಿ ನೋಡಿದರು. ಕಂಬಿ ಹಿಡಿದು ನಿಂತಿದ್ದ ಒಬ್ಬಾತ ಹುಬ್ಬು ಗಂಟಿಕ್ಕಿ ಭಾವನ ಮುಖವನ್ನೂ ಅಕ್ಕನ ಮುಖವನ್ನೂ ಹೋಲಿಸಿ ನೋಡಿದ. ಕಡ್ಡಿ ಅವನನ್ನು ಕಣ್ಣು ಮಿಟುಕಿಸದೆ ದಿಟ್ಟಿಸಿದಳು. ಅವನು ಕಿಟಕಿಯ ಕಡೆ ತಿರುಗಿದ.

"ಅಯ್ಯೋ, ಯಾಕೇ ಹೀಗೆ ಕಿರುಚ್ತೀಯ?" ಅಮ್ಮನ ದನಿ ಫೋನಿನಾಚೆಗೂ ಕೇಳುತ್ತಿತ್ತು. "ನಾನೇನು ಕಿವುಡಿನಾ?"

ಅಕ್ಕ ದನಿ ಇಳಿಸಲಿಲ್ಲ.